ಕಲಬುರಗಿಯ ಬೇಸಿಗೆಗೆ ಒಂದು ಎಸ್‌ಎಂಪಿಎಸ್, ಒಂದು ಕೂಲರ್: ನನ್ನ ಅನುಭವ

ನಮ್ಮ ಕಡೆ ಮದುವೆಯ ಹಂಗಾಮು ಮತ್ತು ಬಿಸಿಲು ಒಟ್ಟಿಗೇ ಬರುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇರುವಾಗ ನನ್ನ ಎಡಿಟಿಂಗ್ ಕೋಣೆಯ ಉಷ್ಣಮಾಪಕ ರಾತ್ರಿ ಹತ್ತು ಗಂಟೆಗೂ 36ರಿಂದ 38ರ ನಡುವೆ ನಿಂತಿರುತ್ತದೆ. ವರ್ಷದ ದುಡಿಮೆಯ ಬಹುಪಾಲು ಆ ಎರಡು ತಿಂಗಳಲ್ಲೇ ಆಗಬೇಕಾದ್ದರಿಂದ, ಕಂಪ್ಯೂಟರು ಹಗಲಿಡೀ ಬಿಸಿಯಾದ ಕೋಣೆಯಲ್ಲಿ ರಾತ್ರಿಯಿಡೀ ವಿಡಿಯೊ ರೆಂಡರ್ ಮಾಡುತ್ತದೆ, ಅಂದರೆ ಎಡಿಟ್ ಆದದ್ದನ್ನು ಅಂತಿಮ ಫೈಲಾಗಿಸುತ್ತದೆ. ಮದುವೆ ವಿಡಿಯೊಗಳ ಈ ಕೆಲಸಕ್ಕೆಂದು 2022ರಲ್ಲಿ ನಾನೇ ಜೋಡಿಸಿಕೊಂಡ ಯಂತ್ರದ ಎರಡು ಭಾಗಗಳನ್ನು, ಅಂದರೆ ಗೋಡೆಯ ಕರೆಂಟನ್ನು ಯಂತ್ರಕ್ಕೆ ಬೇಕಾದ ಕಡಿಮೆ ವೋಲ್ಟೇಜಿಗೆ ಇಳಿಸುವ ಎಸ್‌ಎಂಪಿಎಸ್ ಮತ್ತು ಪ್ರೊಸೆಸರಿನ ಬಿಸಿ ಇಳಿಸುವ ಕೂಲರ್‌ಗಳನ್ನು, ಹೇಗೆ ಆರಿಸಿದೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ನಮ್ಮಲ್ಲಿ ಕೂಲರ್ ಎಂದರೆ ಕಿಟಕಿಗೆ ಕೂರಿಸಿ ನೀರು ಹಾಕುವ ಪೆಟ್ಟಿಗೆ. ಐದೂವರೆ ಸಾವಿರ ಕೊಟ್ಟು ಕೂಲರ್ ತಂದೆನೆಂದು ಹೇಳಿದಾಗ ತಂದೆಯವರು, ಇಷ್ಟು ಚಿಕ್ಕ ಡಬ್ಬಿಯಲ್ಲಿ ಯಾವ ಕೂಲರ್ ಎಂದು ಕೇಳಿದ್ದರು.

ಹಳೆಯ ಯಂತ್ರ ಕೆಟ್ಟ ಬಗೆಯನ್ನು ಮೊದಲು ಹೇಳಬೇಕು. ಅದರಲ್ಲಿ ಕ್ಯಾಬಿನೆಟ್ಟಿನ ಜೊತೆಗೇ ಬಂದ ಎಸ್‌ಎಂಪಿಎಸ್ ಇತ್ತು. ಮೇಲೆ ದಪ್ಪ ಅಕ್ಷರಗಳಲ್ಲಿ 450 ಎಂದು ಬರೆದಿತ್ತು. ಮೇ ತಿಂಗಳ ಒಂದು ರಾತ್ರಿ ರೆಂಡರ್ ನಡುವೆ ಯಂತ್ರ ಎರಡು ಸಲ ತಾನಾಗಿ ಮರುಚಾಲನೆಯಾಯಿತು, ಮೂರನೆಯ ಸಲ ಸುಟ್ಟ ವಾಸನೆ ಬಂದು ನಿಂತೇಹೋಯಿತು. ಮದರ್‌ಬೋರ್ಡೂ ಅದರೊಂದಿಗೆ ಹೋಯಿತು. ಮೆಮೊರಿ ಕಾರ್ಡುಗಳನ್ನು ಇನ್ನೂ ಅಳಿಸಿರಲಿಲ್ಲವಾದ್ದರಿಂದ ಗಿರಾಕಿಯ ಮುಂದೆ ಮಾನ ಉಳಿಯಿತು. ಮರುದಿನ ಎಸ್‌ಎಂಪಿಎಸ್ ಹೊರತೆಗೆದು ಪಕ್ಕದ ಚೀಟಿಯನ್ನು ಮೊದಲ ಬಾರಿಗೆ ಓದಿದೆ. 12 ವೋಲ್ಟ್ ಸಾಲಿನಲ್ಲಿ 16 ಆಂಪಿಯರ್ ಎಂದಿತ್ತು, ಅಂದರೆ 192 ವ್ಯಾಟ್. ಇಂದಿನ ಕಂಪ್ಯೂಟರಿನಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ತಮ್ಮ ಶಕ್ತಿಯನ್ನು ಪಡೆಯುವುದು ಮುಖ್ಯವಾಗಿ ಆ 12 ವೋಲ್ಟ್ ಸಾಲಿನಿಂದಲೇ. ನನ್ನ ಹಳೆಯ ಪ್ರೊಸೆಸರಿನ 65 ವ್ಯಾಟ್, ಜಿಟಿಎಕ್ಸ್ 1060 ಕಾರ್ಡಿನ 120 ವ್ಯಾಟ್ ಕೂಡಿದರೆ 185 ಆಗುತ್ತದೆ. ಡಿಸ್ಕುಗಳು, ಫ್ಯಾನುಗಳು ಅದರ ಮೇಲೆ. ಉಳಿದ ವ್ಯಾಟುಗಳನ್ನು 3.3 ಮತ್ತು 5 ವೋಲ್ಟ್ ಸಾಲುಗಳ ಹೆಸರಿನಲ್ಲಿ ಕೂಡಿಸಿ 450 ಮಾಡಿದ್ದರು. ಅದು ಅಷ್ಟು ವರ್ಷ ಬಾಳಿದ್ದೇ ಆಶ್ಚರ್ಯ.

ಹೊಸ ಯಂತ್ರಕ್ಕೆ ಇಂಟೆಲ್ ಐ7-12700ಕೆ ಪ್ರೊಸೆಸರ್ ಮತ್ತು ಆರ್‌ಟಿಎಕ್ಸ್ 3060 ಕಾರ್ಡ್ ಎಂದು ನಿಶ್ಚಯಿಸಿದ್ದೆ. ಕ್ಯಾಮೆರಾದಿಂದ ಬರುವ ಫೈಲುಗಳನ್ನು ಬಿಡಿಸಲು ಇಂಟೆಲ್ ಪ್ರೊಸೆಸರಿನೊಳಗಿನ ಕ್ವಿಕ್ ಸಿಂಕ್ ಎಂಬ ವಿಡಿಯೊ ಘಟಕ ನನಗೆ ಬೇಕಿತ್ತು. ಪ್ರೊಸೆಸರಿನ ಡಬ್ಬಿಯಲ್ಲಿ ಎದ್ದು ಕಾಣುವ ಸಂಖ್ಯೆ 125 ವ್ಯಾಟ್. ಆದರೆ ಅದರ ಗರಿಷ್ಠ ಟರ್ಬೊ ಶಕ್ತಿ, ಅಂದರೆ ವೇಗ ಹೆಚ್ಚಿಸಿಕೊಂಡಾಗ ಎಳೆಯುವುದು, 190 ವ್ಯಾಟ್, ಮತ್ತು ಅನೇಕ ಮದರ್‌ಬೋರ್ಡುಗಳು ಅದನ್ನು ಗಡುವಿಲ್ಲದೆ ಬಿಟ್ಟಿರುತ್ತವೆ. ಕಾರ್ಡಿಗೆ 170. ಬೋರ್ಡು, ನಾಲ್ಕು ಡಿಸ್ಕು, ಫ್ಯಾನು ಸೇರಿ 70 ಎಂದು ಹಿಡಿದೆ. ಒಟ್ಟು 430 ವ್ಯಾಟ್. ಕಾರ್ಡುಗಳು ಸೆಕೆಂಡಿನ ಅತಿ ಸಣ್ಣ ಭಾಗದಲ್ಲಿ ತಮ್ಮ ಅಳತೆಗಿಂತ ಬಹಳ ಹೆಚ್ಚು ಎಳೆಯುತ್ತವೆ. 2022ರ ಎಟಿಎಕ್ಸ್ 3.0 ನಿಯಮವು ಎಸ್‌ಎಂಪಿಎಸ್ ತನ್ನ ಅಳತೆಯ ಎರಡು ಪಟ್ಟನ್ನು 100 ಮೈಕ್ರೊಸೆಕೆಂಡ್ ತಾಳಬೇಕೆಂದು ಸೇರಿಸಿದ್ದು ಈ ಕಾರಣಕ್ಕೇ. ಆದ್ದರಿಂದ 550 ಸಾಲಬಹುದಾಗಿದ್ದರೂ 650ಕ್ಕೆ ನಿಂತೆ. 850 ಕೊಳ್ಳಲು ಒತ್ತಾಯಿಸಿದವರಿದ್ದರು, ಆ ಹಣಕ್ಕೆ ನನ್ನ ಬಳಿ ಬೇರೆ ಉಪಯೋಗವಿತ್ತು.

ನಮ್ಮೂರಿನ ಅಂಗಡಿಯೊಂದರಲ್ಲಿ 650 ವ್ಯಾಟಿನ ಎರಡು ಬಗೆಯವನ್ನು ಮುಂದಿಟ್ಟು, ಬೆಲೆಯಲ್ಲಿ ಇಷ್ಟೇಕೆ ವ್ಯತ್ಯಾಸ ಎಂದು ಕೇಳಿದಾಗ, "ಏನ್ ಫರಕ್ ಇಲ್ರಿ ಸರ, ಎಲ್ಲಾ ಒಂದೇ, ಹೆಸರಿಗಿ ರೊಕ್ಕ" ಎಂಬ ಉತ್ತರ ಬಂದಿತು. ಫರಕು ಇತ್ತು, ಚೀಟಿಯಲ್ಲೇ ಇತ್ತು. ಒಂದರ 12 ವೋಲ್ಟ್ ಸಾಲು 54 ಆಂಪಿಯರ್, ಅಂದರೆ 648 ವ್ಯಾಟ್. ಇನ್ನೊಂದರದು 40 ಆಂಪಿಯರ್. ಒಂದರ ಒಳಬರುವ ವೋಲ್ಟೇಜು 100ರಿಂದ 240, ಇನ್ನೊಂದರದು 200ರಿಂದ 240. ಸಂಜೆ ಏಳರ ಹೊತ್ತಿಗೆ ನಮ್ಮ ಓಣಿಯಲ್ಲಿ ವೋಲ್ಟೇಜು 230ರಿಂದ 175ಕ್ಕೆ ಇಳಿಯುವುದನ್ನು ಮೀಟರು ಹಿಡಿದು ನೋಡಿದವನಿಗೆ ಈ ಒಳಬರುವ ವೋಲ್ಟೇಜಿನ ಸಂಖ್ಯೆ ಆಂಪಿಯರಿನ ಸಂಖ್ಯೆಗಿಂತ ಮುಖ್ಯವಾಗಿತ್ತು.

80 ಪ್ಲಸ್ ಎಂಬ ಮುದ್ರೆಯ ಬಗ್ಗೆ ನನಗಿದ್ದ ತಪ್ಪು ತಿಳಿವಳಿಕೆ ಬಿಟ್ಟದ್ದೂ ಆಗಲೇ. ಬ್ರಾಂಜ್, ಗೋಲ್ಡ್ ಎಂಬುದು ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಯಂತ್ರಕ್ಕೆ ತಲುಪುತ್ತದೆ ಎಂಬುದರ ಲೆಕ್ಕವೇ ಹೊರತು ಬಾಳಿಕೆಯ ಪ್ರಮಾಣಪತ್ರವಲ್ಲ. 115 ವೋಲ್ಟಿನ ಪರೀಕ್ಷೆಯಲ್ಲಿ ಅರ್ಧ ಹೊರೆಗೆ ಬ್ರಾಂಜ್ 85 ಶೇಕಡಾ, ಗೋಲ್ಡ್ 90 ಶೇಕಡಾ ಮುಟ್ಟಬೇಕು. ನನ್ನ ಯಂತ್ರ ಸಾಮಾನ್ಯವಾಗಿ 300 ವ್ಯಾಟ್ ಬಳಸುತ್ತದೆ ಎಂದುಕೊಂಡರೆ ಬ್ರಾಂಜಿನಲ್ಲಿ ಗೋಡೆಯಿಂದ 353, ಗೋಲ್ಡಿನಲ್ಲಿ 333 ವ್ಯಾಟ್ ಹೋಗುತ್ತದೆ. ವರ್ಷಕ್ಕೆ 1500 ಗಂಟೆ ದುಡಿದರೂ ಉಳಿಯುವುದು 30 ಯೂನಿಟ್, ಯೂನಿಟ್ಟಿಗೆ 7 ರೂಪಾಯಿಯಂತೆ 210 ರೂಪಾಯಿ. ಬಿಲ್ಲಿನ ಉಳಿತಾಯಕ್ಕೆಂದು ಗೋಲ್ಡ್ ಕೊಳ್ಳುವುದು ಲೆಕ್ಕಕ್ಕೆ ಕೂಡುವುದಿಲ್ಲ. ಆದರೆ ಆ 20 ವ್ಯಾಟ್ ಎಸ್‌ಎಂಪಿಎಸ್ಸಿನ ಒಳಗೇ ಶಾಖವಾಗಿ ಉಳಿಯುತ್ತದೆ, ಅಲ್ಲಿರುವ ಕೆಪಾಸಿಟರುಗಳು ಶಾಖದಿಂದಲೇ ಸಾಯುತ್ತವೆ. ಉಷ್ಣತೆ 10 ಡಿಗ್ರಿ ಏರಿದರೆ ಅವುಗಳ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್ ಬಲ್ಲವರ ಲೆಕ್ಕ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಸಂಖ್ಯೆಯನ್ನು ಹುಡುಕಿ ನೋಡಬೇಕಾಯಿತು. ಕೆಲವು ತಯಾರಕರು ತಮ್ಮ ಪೂರ್ಣ ವ್ಯಾಟನ್ನು 40 ಡಿಗ್ರಿಯಲ್ಲಿ ಕೊಡುವುದಾಗಿ ಹೇಳುತ್ತಾರೆ, ಕೆಲವರು 50 ಡಿಗ್ರಿಯಲ್ಲಿ. 80 ಪ್ಲಸ್ ಪರೀಕ್ಷೆಯಾದರೂ ಸುಮಾರು 23 ಡಿಗ್ರಿಯ ಕೋಣೆಯಲ್ಲಿ ನಡೆಯುತ್ತದೆ. ಬೆಂಗಳೂರಿನಲ್ಲಿ ಕುಳಿತವರಿಗೆ ಇದು ಅಷ್ಟು ದೊಡ್ಡ ವಿಷಯವಲ್ಲ. 38 ಡಿಗ್ರಿಯ ಕೋಣೆಯಲ್ಲಿ, ಗ್ರಾಫಿಕ್ಸ್ ಕಾರ್ಡಿನ ಕೆಳಗೆ ಕುಳಿತ ಎಸ್‌ಎಂಪಿಎಸ್ಸಿಗೆ 40 ಡಿಗ್ರಿ ಎಂಬುದು ಆರಂಭದ ಗೆರೆ. ಇವೆಲ್ಲವನ್ನೂ ತೂಗಿ ಸಿಕಂದರಾಬಾದಿನ ಕಂಪ್ಯೂಟರ್ ಮಾರುಕಟ್ಟೆಯಾದ ಚೆನಾಯ್ ಟ್ರೇಡ್ ಸೆಂಟರಿಗೆ ಹೋಗಿ ಕೋರ್ಸೇರ್ ಆರ್‌ಎಂ650ಎಕ್ಸ್ ತಂದೆ. ಅದರ ಪೂರ್ಣ ವ್ಯಾಟಿನ ಅಳತೆ 50 ಡಿಗ್ರಿಯಲ್ಲಿ, ಕೆಪಾಸಿಟರುಗಳು 105 ಡಿಗ್ರಿ ತಾಳುವವು, ವಾರಂಟಿ 10 ವರ್ಷ. ಹತ್ತು ಸಾವಿರಕ್ಕೆ ಹತ್ತಿರ ಕೊಟ್ಟೆ. ಆ ಬೆಲೆಗೆ ಕೈ ನಡುಗದೆ ಇರಲಿಲ್ಲ, ಆದರೆ ಸುಟ್ಟ ಮದರ್‌ಬೋರ್ಡಿನ ಬೆಲೆ ನೆನಪಿನಲ್ಲಿತ್ತು.

ಜೋಡಿಸಿದ ಮೊದಲ ವಾರವೇ ಕರೆಂಟು ಹೋದಾಗಲೆಲ್ಲ ಯಂತ್ರ ಮರುಚಾಲನೆಯಾಗತೊಡಗಿತು. ಮನೆಯ ಇನ್ವರ್ಟರು ಸೈನ್ ವೇವ್ ಬಗೆಯದು, ಬ್ಯಾಟರಿ ಹೊಸದು. ಸಂಶಯ ಸಹಜವಾಗಿ ಎಸ್‌ಎಂಪಿಎಸ್ ಮೇಲೆ ಹೋಯಿತು. ದೋಷ ಇದ್ದದ್ದು ಇನ್ವರ್ಟರಿನ ಹಿಂಬದಿಯ ಒಂದು ಚಿಕ್ಕ ಸ್ವಿಚ್ಚಿನಲ್ಲಿ. ಅದು ಇಕೊ ಸ್ಥಿತಿಯಲ್ಲಿತ್ತು. ಆ ಸ್ಥಿತಿಯಲ್ಲಿ ಬ್ಯಾಟರಿಗೆ ಬದಲಾಗಲು 30-40 ಮಿಲಿಸೆಕೆಂಡ್ ಹಿಡಿಯಬಹುದು, ಒಳ್ಳೆಯ ಎಸ್‌ಎಂಪಿಎಸ್ ಪೂರ್ಣ ಹೊರೆಯಲ್ಲಿ ತಾಳಿಕೊಳ್ಳುವುದು ಸುಮಾರು 16-17 ಮಿಲಿಸೆಕೆಂಡ್. ಯುಪಿಎಸ್ ಸ್ಥಿತಿಗೆ ತಿರುಗಿಸಿದೊಡನೆ ಮರುಚಾಲನೆ ನಿಂತಿತು, ಆದರೆ ಹೊಸ ತಾಪತ್ರಯ ಶುರುವಾಯಿತು: ಆ ಸ್ಥಿತಿಯಲ್ಲಿ ಇನ್ವರ್ಟರು 180 ವೋಲ್ಟಿಗಿಂತ ಕೆಳಗಿನದನ್ನು ಒಪ್ಪುವುದಿಲ್ಲ, ನಮ್ಮ ಸಂಜೆಯ 175ಕ್ಕೆ ಅದು ಕರೆಂಟಿದ್ದರೂ ಬ್ಯಾಟರಿಗೆ ಹಾರಿ, ನಿಜವಾಗಿ ಕರೆಂಟು ಹೋಗುವ ಹೊತ್ತಿಗೆ ಬ್ಯಾಟರಿ ಬರಿದಾಗಿರುತ್ತಿತ್ತು. ಕೊನೆಗೆ ಇನ್ವರ್ಟರನ್ನು ಮತ್ತೆ ಇಕೊ ಸ್ಥಿತಿಗೇ ತಂದು, ಕಂಪ್ಯೂಟರಿಗೆಂದೇ ವೋಲ್ಟೇಜು ಏರಿಸಿಕೊಳ್ಳಬಲ್ಲ 1000 ವಿಎ ಯುಪಿಎಸ್ ಹಾಕಿದೆ. ಅದರ ನಿಜವಾದ ಸಾಮರ್ಥ್ಯ 600 ವ್ಯಾಟ್; ನನ್ನ ಯಂತ್ರ ಪೂರ್ಣ ಹೊರೆಯಲ್ಲಿ ಗೋಡೆಯಿಂದ ಎಳೆಯುವ 480, ಮಾನಿಟರಿನ 30 ಸೇರಿ 510 ಆಗುತ್ತದೆ.

ಅರ್ಥಿಂಗ್ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹೊಸ ಕ್ಯಾಬಿನೆಟ್ಟಿನ ಲೋಹ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ಎಸ್‌ಎಂಪಿಎಸ್ಸಿನ ಒಳಬರುವ ಫಿಲ್ಟರು ಸಣ್ಣ ಪ್ರಮಾಣದ ಸೋರಿಕೆಯನ್ನು ಅರ್ಥ್ ತಂತಿಗೆ ಬಿಡುವಂತೆಯೇ ರಚನೆಯಾಗಿರುತ್ತದೆ. ಅರ್ಥ್ ಇಲ್ಲದಿದ್ದರೆ ಅದು ಕ್ಯಾಬಿನೆಟ್ಟಿನ ಮೈಮೇಲೆ ನಿಲ್ಲುತ್ತದೆ. ಎಲೆಕ್ಟ್ರಿಷಿಯನ್ ಬಂದು ಬಿಚ್ಚಿದಾಗ ನಮ್ಮ ಮೂರು ಪಿನ್ನಿನ ಸಾಕೆಟ್ಟಿನ ಮೇಲಿನ ತೂತಿಗೆ ತಂತಿಯೇ ಇರಲಿಲ್ಲ. ಇದ್ದಲು, ಉಪ್ಪು ಹಾಕಿ ಹಿತ್ತಲಿನಲ್ಲಿ ಗುಂಡಿ ತೋಡಿಸಬೇಕಾಯಿತು.

ಕೂಲರಿನ ವಿಷಯಕ್ಕೆ ಬಂದರೆ, ಕೆ ಅಕ್ಷರವಿರುವ ಪ್ರೊಸೆಸರಿನ ಡಬ್ಬಿಯಲ್ಲಿ ಕೂಲರ್ ಇರುವುದಿಲ್ಲ, ಬೇರೆ ಕೊಳ್ಳಲೇಬೇಕು. ವಿಮರ್ಶೆಗಳಲ್ಲಿ ಕಾಣುವ 70 ಡಿಗ್ರಿ, 72 ಡಿಗ್ರಿಗಳೆಲ್ಲ 20-25 ಡಿಗ್ರಿಯ ಕೋಣೆಯವು. ಯಾವ ಗಾಳಿಯ ಕೂಲರೂ, ನೀರಿನದೂ, ಕೋಣೆಗಿಂತ ತಣ್ಣಗೆ ಮಾಡಲಾರದು. ಅದು ಮಾಡುವುದು ಕೋಣೆಗಿಂತ ಎಷ್ಟು ಮೇಲೆ ನಿಲ್ಲಬೇಕೆಂಬುದನ್ನು ತೀರ್ಮಾನಿಸುವುದಷ್ಟೇ. ಆದ್ದರಿಂದ ನಾನು ವಿಮರ್ಶೆಯ ಸಂಖ್ಯೆಯಿಂದ ಅವರ ಕೋಣೆಯ ಉಷ್ಣತೆ ಕಳೆದು, ನನ್ನ 38 ಕೂಡಿಸಿ ಓದಲು ಕಲಿತೆ. 12700ಕೆ 100 ಡಿಗ್ರಿ ತಲುಪಿದರೆ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಕೋಣೆಗಿಂತ 50 ಡಿಗ್ರಿ ಮೇಲೆ ನಿಲ್ಲಿಸುವ ಕೂಲರ್ ನನಗೆ 88 ತೋರಿಸುತ್ತದೆ, 65 ಮೇಲೆ ನಿಲ್ಲಿಸುವುದು ಮೇ ತಿಂಗಳಿಗೆ ಆಗದು.

ಪ್ರೊಸೆಸರಿಗೆ ನೀರಿನ ಕೂಲರ್ ಕೊಳ್ಳುವ ಆಸೆ ನನಗೂ ಇತ್ತು. ಆದರೆ ಅದರಲ್ಲಿ ತಿರುಗುವ ಪಂಪಿದೆ. ಗಾಳಿಯ ಕೂಲರಿನ ಫ್ಯಾನು ಕೆಟ್ಟರೆ ಎಲ್ಲಾ ಪೇಟೆಯಲ್ಲೂ ಸಿಗುವ 120 ಮಿಲಿಮೀಟರ್ ಫ್ಯಾನನ್ನು ಅರ್ಧ ಗಂಟೆಯಲ್ಲಿ ಕಟ್ಟಬಹುದು. ಪಂಪು ಕೆಟ್ಟರೆ ಇಡೀ ಘಟಕವನ್ನು ವಾರಂಟಿಗೆ ಕಳಿಸಿ, ಗಿರಾಕಿಗೆ ಸಬೂಬು ಹೇಳುತ್ತ ಕೂರಬೇಕು. ಎರಡು ಗೋಪುರಗಳ, ಆರು ಹೀಟ್‌ಪೈಪುಗಳ ಡೀಪ್‌ಕೂಲ್ ಎಕೆ620 ಆರಿಸಿದೆ. ಡಬ್ಬಿಯ ಮೇಲಿನ 260 ವ್ಯಾಟ್ ಎಂಬುದನ್ನು ನಾನು ಗಣನೆಗೆ ತೆಗೆದುಕೊಳ್ಳಲಿಲ್ಲ, ಏಕೆಂದರೆ ಅದನ್ನು ಎಷ್ಟು ಡಿಗ್ರಿಯ ಕೋಣೆಯಲ್ಲಿ ಅಳೆದರೆಂಬುದು ಡಬ್ಬಿಯ ಮೇಲಿಲ್ಲ. ಅಳೆದದ್ದು ಅದರ ಎತ್ತರವನ್ನು: 160 ಮಿಲಿಮೀಟರ್. ನನ್ನ ಕ್ಯಾಬಿನೆಟ್ಟಿನಲ್ಲಿ 165 ಇತ್ತು. ಮುಂದಿನ ಫ್ಯಾನು ರ‍್ಯಾಮಿನ ಮೇಲೆ ಬರುವುದರಿಂದ ಎತ್ತರದ ಅಲಂಕಾರದ ತಗಡಿಲ್ಲದ ರ‍್ಯಾಮನ್ನೇ ಕೊಂಡೆ.

ಮೊದಲ ಸಲ ಕೂರಿಸಿದಾಗ ಒಂದು ಬದಿಯ ಸ್ಕ್ರೂವನ್ನು ಪೂರ್ತಿ ಬಿಗಿದು ಆಮೇಲೆ ಇನ್ನೊಂದಕ್ಕೆ ಹೋದೆ. ಲೆಕ್ಕಕ್ಕಿಂತ 11 ಡಿಗ್ರಿ ಹೆಚ್ಚು ಬಂದಿತು. ಬಿಚ್ಚಿ ನೋಡಿದರೆ ಪ್ರೊಸೆಸರಿನಿಂದ ಕೂಲರಿಗೆ ಶಾಖ ದಾಟಿಸಲು ನಡುವೆ ಹಚ್ಚುವ ಪೇಸ್ಟು ಒಂದು ಬದಿಗೆ ತೆಳುವಾಗಿ, ಇನ್ನೊಂದು ಬದಿಗೆ ಗಟ್ಟಿಯಾಗಿ ನಿಂತಿತ್ತು. ಒರೆಸಿ, ಹೊಸ ಪೇಸ್ಟು ಹಾಕಿ, ಎರಡೂ ಸ್ಕ್ರೂಗಳನ್ನು ಎರಡೆರಡು ಸುತ್ತಿನಂತೆ ಸರದಿಯಲ್ಲಿ ಬಿಗಿದ ಮೇಲೆ ಸರಿಹೋಯಿತು. ಜನವರಿಯ 22 ಡಿಗ್ರಿಯ ಕೋಣೆಯಲ್ಲಿ ಪೂರ್ಣ ಹೊರೆಗೆ 72 ಬಂದಿತು, ಮೇ ತಿಂಗಳಲ್ಲಿ 88. ಕೆಲಸ ನಡೆಯುತ್ತಿತ್ತು, ಆದರೆ ಫ್ಯಾನಿನ ಸದ್ದಿನಲ್ಲಿ ಶಹನಾಯಿಯ ಧ್ವನಿ ಹೊಂದಿಸುವುದು ಕಷ್ಟವಾಯಿತು. ಆಗ ಬಯಾಸ್‌ನಲ್ಲಿ, ಅಂದರೆ ಮದರ್‌ಬೋರ್ಡಿನ ಮೂಲ ಸೆಟ್ಟಿಂಗುಗಳಲ್ಲಿ, ಪ್ರೊಸೆಸರಿನ ಶಕ್ತಿಯ ಮಿತಿಯನ್ನು 190ರಿಂದ 150 ವ್ಯಾಟಿಗೆ ಇಳಿಸಿದೆ. ಉಷ್ಣತೆ 77ಕ್ಕೆ ಬಂದಿತು. 40 ನಿಮಿಷ ಹಿಡಿಯುತ್ತಿದ್ದ ರೆಂಡರ್ 42 ನಿಮಿಷ ಹಿಡಿಯಿತು. ಈ ಯಂತ್ರಕ್ಕೆ ನಾನು ಮಾಡಿದ ಅತ್ಯಂತ ಲಾಭದ ಕೆಲಸ ಇದೇ, ಮತ್ತು ಇದಕ್ಕೆ ಖರ್ಚಾದದ್ದು ಏನೂ ಇಲ್ಲ.

ಕಿಟಕಿಯ ನೀರಿನ ಕೂಲರನ್ನು ಯಂತ್ರದ ಕಡೆ ತಿರುಗಿಸುವುದನ್ನು ಒಂದೇ ದಿನದಲ್ಲಿ ನಿಲ್ಲಿಸಿದೆ. ಅದರ ತೇವಕ್ಕೆ ತೊಗರಿಬೇಳೆ ಗಿರಣಿಗಳ ಕಡೆಯಿಂದ ಬರುವ ಹೊಟ್ಟಿನ ದೂಳು ಅಂಟಿ, ಹೀಟ್‌ಸಿಂಕಿನ ಎಲೆಗಳ ನಡುವೆ ಹಿಟ್ಟಿನಂತೆ ಕೂರುತ್ತದೆ. ತಿಂಗಳಿಗೊಮ್ಮೆ ಬ್ಲೋವರ್ ಹಿಡಿದು, ಫ್ಯಾನು ಸುತ್ತದಂತೆ ಬೆರಳಿಟ್ಟು ಊದುತ್ತೇನೆ. ಎಸ್‌ಎಂಪಿಎಸ್ ಕೆಳಗಿನಿಂದ ಗಾಳಿ ಎಳೆಯುವುದರಿಂದ ಜಮಖಾನೆಯ ಮೇಲಿದ್ದ ಕ್ಯಾಬಿನೆಟ್ಟನ್ನು ಎತ್ತಿ ಹಳೆಯ ಮಣೆಯೊಂದರ ಮೇಲೆ, ನಡುಭಾಗ ಕೊರೆಸಿ, ಇಟ್ಟಿದ್ದೇನೆ.

ಕೇಬಲುಗಳನ್ನು ಬೇಕಾದಷ್ಟೇ ಸಿಕ್ಕಿಸಿಕೊಳ್ಳಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್ ಆದ್ದರಿಂದ ಬಳಸದ ಕೇಬಲುಗಳು ಐದಾರು ಉಳಿದಿವೆ. ಕಳೆದ ದೀಪಾವಳಿಯಲ್ಲಿ ಅಕ್ಕನ ಮಗ ತನ್ನ ಕಂಪ್ಯೂಟರಿಗೆ ಒಂದು ಸಾಟಾ ಪವರ್ ಕೇಬಲು ಬೇಕೆಂದು ಕೇಳಿದ. ಅವನದು ಬೇರೆ ಕಂಪನಿಯ ಎಸ್‌ಎಂಪಿಎಸ್. ಡಿಸ್ಕಿನ ತುದಿ ಎಲ್ಲರದೂ ಒಂದೇ, ಎಸ್‌ಎಂಪಿಎಸ್ ತುದಿಯ ತಂತಿಗಳ ಕ್ರಮಕ್ಕೆ ಯಾವ ಸಾಮಾನ್ಯ ನಿಯಮವೂ ಇಲ್ಲ. ಸರಿಯಾಗಿ ಕೂರುವ ಕೇಬಲೇ 5 ವೋಲ್ಟಿನ ಜಾಗಕ್ಕೆ 12 ವೋಲ್ಟು ಕಳಿಸಿ ಡಿಸ್ಕನ್ನು ಸುಡಬಹುದು. ಕೊಡಲಿಲ್ಲ. ಮಾವ ಜಿಪುಣ ಎಂದುಕೊಂಡು ಹೋದ. ನಾನು ಕೇಬಲುಗಳ ಚೀಲದ ಮೇಲೆ ಎಸ್‌ಎಂಪಿಎಸ್ಸಿನ ಹೆಸರು ಬರೆದು ಅದರ ಬಿಲ್ಲಿನ ಜೊತೆ ಕಪಾಟಿನಲ್ಲಿಟ್ಟೆ.