ಹಿತ್ತಲಿಗೊಂದು ಏರ್ ರೈಫಲ್: ನಾನು ಜೋರಿನದನ್ನು ಬಿಟ್ಟು ಮೆತ್ತಗಿನದನ್ನು ತಂದಿದ್ದು ಯಾಕೆ

ತಿಪಟೂರಿನ ಕಡೆ ಏರ್‌ಗನ್ ತಗೊಳ್ತೀನಿ ಅಂದರೆ ಎಲ್ಲರೂ ಕೇಳುವುದು ಒಂದೇ ಮಾತು: "ಕೋತಿ ಓಡಿಸೋಕಾ?" ತೆಂಗಿನ ತೋಟ ಇಟ್ಟುಕೊಂಡವರ ಕಷ್ಟ ನನಗೂ ಗೊತ್ತು, ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಕೋತಿ, ಗಿಳಿ, ಅಳಿಲು, ಬೀದಿನಾಯಿ ಯಾವುದಕ್ಕೂ ಏರ್‌ಗನ್ ಎತ್ತುವ ಹಾಗಿಲ್ಲ. ಒಂದೋ 1972ರ ವನ್ಯಜೀವಿ ಕಾಯ್ದೆಗೆ ಸಿಕ್ಕಿ ಬೀಳುತ್ತೀರಿ, ಇಲ್ಲ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ. ನನಗೆ ಬೇಕಿದ್ದದ್ದು ಬೇರೆ. ಸಂಜೆ ಕೆಲಸದಿಂದ ಬಂದು ಅರ್ಧ ಗಂಟೆ ಕಾಗದಕ್ಕೆ ಗುರಿ ಇಟ್ಟು ಹೊಡೆಯಬೇಕು. ಬೇರೇನೂ ತಲೆಯಲ್ಲಿ ಇರಬಾರದು. ಮನೆ ಹಿಂದಿನ ಕಟ್ಟೆಯಿಂದ ಹಳೇ ಕೊಟ್ಟಿಗೆಯ ಗೋಡೆಗೆ ಹತ್ತು ಮೀಟರಿಗಿಂತ ಸ್ವಲ್ಪ ಜಾಸ್ತಿ ಜಾಗ ಇದೆ. ಒಲಿಂಪಿಕ್ಸ್‌ನಲ್ಲಿ ಏರ್ ರೈಫಲ್ ಹೊಡೆಯುವುದೂ ಹತ್ತು ಮೀಟರಿಗೇ. ಹಾಗಾಗಿ ಜಾಗದ ಚಿಂತೆ ಇರಲಿಲ್ಲ.

ಬಂದೂಕು ಅಂದ ತಕ್ಷಣ ಲೈಸೆನ್ಸ್ ಮಾತು ಬರುತ್ತದೆ. 2016ರ ಆಯುಧ ನಿಯಮಗಳ ಪ್ರಕಾರ ನಳಿಗೆಯ ಒಳ ಅಗಲ 4.5 ಮಿಲಿಮೀಟರ್, ಅಂದರೆ .177 ಇಂಚು, ದಾಟಬಾರದು. ಪೆಲೆಟ್, ಅಂದರೆ ಏರ್‌ಗನ್ನಿನ ಪುಟ್ಟ ಗುಂಡು, ನಳಿಗೆ ಬಿಡುವಾಗಿನ ಶಕ್ತಿ 20 ಜೂಲ್ ದಾಟಬಾರದು. ಈ ಎರಡರ ಒಳಗಿದ್ದರೆ ಲೈಸೆನ್ಸ್ ಬೇಡ. ಇವುಗಳಲ್ಲಿ ಒಂದು ದಾಟಿದರೂ ಬೇಕು. .22 ಏರ್‌ಗನ್ ಎಷ್ಟೇ ಸಾಧು ಆಗಿದ್ದರೂ ಲೈಸೆನ್ಸ್ ಸಾಲಿಗೇ ಸೇರುತ್ತದೆ. "ಇದಕ್ಕೆಲ್ಲ ಯಾರೂ ಕೇಳಲ್ಲ ಬಿಡಿ" ಅನ್ನುವವರು ಸಿಗುತ್ತಾರೆ. ಅಂಥವರ ಹತ್ತಿರ ತಗೊಳ್ಳಬೇಡಿ. ನಾನು ಬೆಂಗಳೂರಿನ ಒಂದು ಆಯುಧದಂಗಡಿಗೆ ಹೋಗಿ, ಆಧಾರ್ ನಕಲು ಕೊಟ್ಟು, ಮಾಡೆಲ್ ಮತ್ತು ನಂಬರ್ ಬರೆದ ಬಿಲ್ ಮಾಡಿಸಿಕೊಂಡೆ. ಆ ಬಿಲ್ಲಿನ ಒಂದು ನಕಲು ಈಗಲೂ ರೈಫಲ್ ಚೀಲದಲ್ಲೇ ಇದೆ.

ಅಂಗಡಿಯವರು ಮೊದಲು ತೆಗೆದು ತೋರಿಸಿದ್ದು ಅವರಲ್ಲಿದ್ದ ಅತಿ ಜೋರಿನ ಸ್ಪ್ರಿಂಗ್ ರೈಫಲ್. "ಸಾರ್, ಇದು ಸಾವಿರ ಎಫ್‌ಪಿಎಸ್, ಸೆಕೆಂಡಿಗೆ ಸಾವಿರ ಅಡಿ ವೇಗ. ಇದೇ ಬಜೆಟ್ಟಿನಲ್ಲಿ ಇದಕ್ಕಿಂತ ಪವರ್ ಯಾವುದರಲ್ಲೂ ಸಿಗಲ್ಲ."

"ಪವರ್ ಬೇಡ ಸಾರ್, ಎಲ್ಲಕ್ಕಿಂತ ಸುಲಭವಾಗಿ ಕಾಕ್ ಆಗೋದು ತೋರಿಸಿ" ಅಂದೆ. ಕಾಕ್ ಅಂದರೆ ಹೊಡೆಯುವ ಮುಂಚೆ ನಳಿಗೆ ಮಡಚಿ ಸ್ಪ್ರಿಂಗ್ ಬಿಗಿ ಮಾಡುವುದು. ಅವರಿಗೆ ನಗು ಬಂತು. ಹಾಗೆ ಕೇಳುವ ಗಿರಾಕಿ ಕಡಿಮೆ ಅಂತ ಕಾಣುತ್ತದೆ.

ಈ ಪವರ್ ಲೆಕ್ಕವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಕಡಿಮೆ ದುಡ್ಡಿಗೆ ತಗೊಳ್ಳುವವರು ದಾರಿ ತಪ್ಪುವುದೇ ಇಲ್ಲಿ. ಸಾವಿರ ಎಫ್‌ಪಿಎಸ್ ಅಂದರೆ ಸೆಕೆಂಡಿಗೆ 305 ಮೀಟರ್. ಅರ್ಧ ಗ್ರಾಂ ತೂಕದ ಸೀಸದ ಪೆಲೆಟ್ ಆ ವೇಗದಲ್ಲಿ ಹೋದರೆ ಶಕ್ತಿ 23 ಜೂಲ್ ದಾಟುತ್ತದೆ, ಕಾನೂನಿನ ಗೆರೆಯಿಂದ ಆಚೆಗೆ. 20 ಜೂಲ್ ಒಳಗೇ ಇರಬೇಕು ಅಂದರೆ ಅರ್ಧ ಗ್ರಾಮಿನ ಪೆಲೆಟ್ ಸೆಕೆಂಡಿಗೆ 283 ಮೀಟರ್ ದಾಟುವ ಹಾಗಿಲ್ಲ. ಹಾಗಾದರೆ ಡಬ್ಬದ ಮೇಲಿನ ಸಾವಿರ ಎಲ್ಲಿಂದ ಬಂತು? ಸಾಮಾನ್ಯವಾಗಿ ಹಗುರ ಲೋಹದ ಪೆಲೆಟ್ ಹಾಕಿ ಅಳೆದ ವೇಗ ಅದು. ನಾವು ದಿನಾ ಹೊಡೆಯುವ ಸೀಸದ ಪೆಲೆಟ್‌ಗೆ ಆ ವೇಗ ಬರಲ್ಲ. ಬಂದರೂ ನಮಗೆ ಉಪಯೋಗ ಇಲ್ಲ.

ಇನ್ನೊಂದು ಕಡೆ ನೋಡಿ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದರಲ್ಲ, ಆ ಸ್ಪರ್ಧೆಯ ರೈಫಲ್‌ಗಳು ಪೆಲೆಟ್ ಬಿಡುವುದು ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ. ಶಕ್ತಿ ಏಳೆಂಟು ಜೂಲ್. ಅಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್! ಅದಕ್ಕೇ ಅಷ್ಟು ಶಕ್ತಿ ಸಾಕಾಗುವಾಗ ನಮ್ಮ ಹಿತ್ತಲಿಗೆ ಸಾವಿರ ಎಫ್‌ಪಿಎಸ್ ಯಾತಕ್ಕೆ? ವೇಗ ಕಡಿಮೆ ಆದರೆ ಪೆಲೆಟ್ ಕೆಳಗೆ ಬೀಳುತ್ತದೆ ಅಂತ ಹೆದರಿಸುತ್ತಾರೆ. 150 ಮೀಟರ್ ವೇಗದ ಪೆಲೆಟ್ ಹತ್ತು ಮೀಟರ್ ಹೋಗುವಷ್ಟರಲ್ಲಿ ಇಳಿಯುವುದು ಎರಡು ಸೆಂಟಿಮೀಟರ್ ಚಿಲ್ಲರೆ. ಹಿಂದಿನ ಸೈಟನ್ನು, ಅಂದರೆ ಗುರಿ ನೋಡುವ ಕಿಂಡಿಯನ್ನು, ಸ್ವಲ್ಪ ಮೇಲಕ್ಕೆ ತಿರುಗಿಸಿದರೆ ಮುಗಿಯಿತು.

ಜೋರಿನ ಸ್ಪ್ರಿಂಗ್ ಗುರಿಯನ್ನು ಕೆಡಿಸುತ್ತದೆ ಕೂಡ. ಬ್ಯಾರೆಲ್, ಅಂದರೆ ನಳಿಗೆ, ಮಡಚುವ ರೈಫಲ್‌ನಲ್ಲಿ ನಾವು ಮಡಚಿದಾಗ ಒಳಗಿನ ಪಿಸ್ಟನ್ ಹಿಂದೆ ಸರಿದು ಸಿಕ್ಕಿಕೊಳ್ಳುತ್ತದೆ, ಸ್ಪ್ರಿಂಗ್ ಅದುಮಿಕೊಂಡಿರುತ್ತದೆ. ಟ್ರಿಗರ್ ಎಳೆದರೆ ಪಿಸ್ಟನ್ ಮುಂದಕ್ಕೆ ನುಗ್ಗಿ ಗಾಳಿಯನ್ನು ಒತ್ತುತ್ತದೆ. ಪಿಸ್ಟನ್ ಮುಂದೆ ಹೊರಟ ಕೂಡಲೇ ರೈಫಲ್ ಹಿಂದಕ್ಕೆ ಒದೆಯುತ್ತದೆ. ಪಿಸ್ಟನ್ ಹೋಗಿ ನಿಂತಾಗ ರೈಫಲ್ ಮುಂದಕ್ಕೆ ಜಗ್ಗುತ್ತದೆ. ಈ ಕುಣಿತ ಶುರುವಾದಾಗ ಪೆಲೆಟ್ ಇನ್ನೂ ನಳಿಗೆಯೊಳಗೇ ಇರುತ್ತದೆ! ಸ್ಪ್ರಿಂಗ್ ಬಿಗಿ ಇದ್ದಷ್ಟೂ ಕುಣಿತ ಜಾಸ್ತಿ. ಕುಣಿತ ಜಾಸ್ತಿ ಆದಷ್ಟೂ ನಾವು ಹಿಡಿದ ರೀತಿಯಲ್ಲಿ ಚೂರು ಆಚೀಚೆ ಆದರೂ ಪೆಲೆಟ್ ಎಲ್ಲೆಲ್ಲೋ ಬೀಳುತ್ತದೆ. ಹೊಸಬರಿಗೆ ತಪ್ಪು ತಮ್ಮದೋ ರೈಫಲ್‌ದೋ ಗೊತ್ತಾಗಲ್ಲ. ಬೇಸರ ಬಂದು ಅಟ್ಟಕ್ಕೆ ಹಾಕುತ್ತಾರೆ.

ಗಾಳಿ ತುಂಬಿಸಿಕೊಂಡು ಹೊಡೆಯುವ ಪಿಸಿಪಿ ರೈಫಲ್‌ನಲ್ಲಿ ಈ ಒದೆತ ಇಲ್ಲವೇ ಇಲ್ಲ ಅನ್ನಬಹುದು. ನಮ್ಮ ದೇಶದಲ್ಲೇ ಪ್ರೆಸಿಹೋಲ್ ಕಂಪನಿಯವರು ಅಂಥವನ್ನು ಮಾಡುತ್ತಾರೆ, ಕ್ಲಬ್‌ಗಳಲ್ಲಿ ಕಲಿಯುವ ಹುಡುಗರ ಕೈಯಲ್ಲಿ ನೋಡಬಹುದು. ಆದರೆ ರೈಫಲ್ ಬೆಲೆ ಒಂದು, ಕೈಪಂಪಿನ ಬೆಲೆ ಇನ್ನೊಂದು. 200 ಬಾರ್ ಒತ್ತಡದ ತನಕ ಕೈಯಲ್ಲಿ ಪಂಪ್ ಒತ್ತುವುದು ಗರಡಿ ಸಾಧನೆಯೇ ಸರಿ. ಸ್ಪರ್ಧೆಗೆ ಹೋಗುವ ಮನಸ್ಸಿದ್ದವರು ದುಡ್ಡು ಕೂಡಿಸಿ ಅದನ್ನೇ ತಗೊಳ್ಳಲಿ, ಅದಕ್ಕೂ ಮುಂಚೆ ಕ್ಲಬ್ ಸೇರಲಿ. ಉಕ್ಕಿನ ಗುಂಡು ಹೊಡೆಯುವ ಬಿಬಿ ಗನ್‌ಗಳನ್ನು ನಾನು ನೋಡಲೂ ಹೋಗಲಿಲ್ಲ. ಉಕ್ಕು ಗಟ್ಟಿ ಜಾಗಕ್ಕೆ ಬಡಿದರೆ ಹೊಡೆದವನ ಕಡೆಗೇ ವಾಪಸ್ ಹಾರುತ್ತದೆ.

ಉಳಿದದ್ದು ಸಾಧಾರಣ ಶಕ್ತಿಯ, ಬ್ಯಾರೆಲ್ ಮಡಚುವ ರೈಫಲ್‌ಗಳು. ನನ್ನ ಮಿತಿ ಹತ್ತು ಸಾವಿರದ ಆಸುಪಾಸು, ಅದೂ ಪೆಲೆಟ್ ಸೇರಿಸಿ. ಅಂಗಡಿಯಲ್ಲಿ ಮೂರನ್ನು ಮೇಜಿನ ಮೇಲೆ ಇಡಿಸಿ ಒಂದೊಂದಾಗಿ ನೋಡಿದೆ. ಮೊದಲು ಬ್ಯಾರೆಲ್ಲಿನ ಕೀಲು. ಮುಚ್ಚಿದ ಮೇಲೆ ಬ್ಯಾರೆಲ್ ತುದಿ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಬೇಕು. ಒಂದು ರೈಫಲ್ ಹೊಸದಾಗಿದ್ದರೂ ಕಟಕಟ ಅಂತಿತ್ತು. ನೋಡಲು ಮೂರರಲ್ಲಿ ಅದೇ ಎಲ್ಲಕ್ಕಿಂತ ಚೆಂದ, ಮರದ ಹಿಡಿಗೆ ಒಳ್ಳೇ ಪಾಲಿಶ್ ಬೇರೆ. ಆದರೂ ಅಲ್ಲಾಡುವ ಬ್ಯಾರೆಲ್ ಪ್ರತಿ ಸಲ ಒಂದೇ ಜಾಗಕ್ಕೆ ಬಂದು ಕೂರುವುದಿಲ್ಲ, ಸೈಟ್ ಎಷ್ಟು ಸರಿ ಮಾಡಿದರೂ ವ್ಯರ್ಥ. ಆಮೇಲೆ ಟ್ರಿಗರ್. ಸುಮ್ನೆ ಖಾಲಿ ರೈಫಲ್ ಕಾಕ್ ಮಾಡಿ ಹೊಡೆಯಬಾರದು, ಮುಂದೆ ಪೆಲೆಟ್ಟಿನ ತಡೆ ಇಲ್ಲದೆ ಪಿಸ್ಟನ್ ಬಡಿದು ಸೀಲ್, ಸ್ಪ್ರಿಂಗ್ ಹಾಳಾಗುತ್ತವೆ. ಹಾಗಾಗಿ ಅವರ ಪರೀಕ್ಷೆ ಪೆಟ್ಟಿಗೆಗೆ ಪೆಲೆಟ್ ಹಾಕಿಯೇ ಹೊಡೆಯಲು ಕೇಳಿದೆ, ಒಪ್ಪಿದರು. ಒಂದರ ಟ್ರಿಗರ್ ಎಳೆದಷ್ಟೂ ಎಳೆಯುತ್ತಲೇ ಹೋಗಬೇಕು, ಯಾವಾಗ ಹಾರುತ್ತದೆ ಅಂತ ಅಂದಾಜೇ ಸಿಗಲ್ಲ. ಇನ್ನೊಂದರದು ಸ್ವಲ್ಪ ಸಡಿಲವಾಗಿ ಬಂದು ಒಂದು ಕಡೆ ತಡೆಯುತ್ತಿತ್ತು, ಅಲ್ಲಿಂದ ಚೂರು ಒತ್ತಿದರೆ ಸಾಕು. ನಾನು ತಂದದ್ದು ಅದನ್ನೇ. ಹಿಡಿ ಪ್ಲಾಸ್ಟಿಕ್, ನೋಡಲು ಏನೂ ಇಲ್ಲ. ಹಿಂದಿನ ಸೈಟಿಗೆ ಮೇಲೆ ಕೆಳಗೆ, ಎಡ ಬಲ ಎರಡೂ ಸ್ಕ್ರೂ ಇವೆ. ತೂಕ ಮೂರು ಕಿಲೋ ಒಳಗೆ. ಒಂದು ಸಂಜೆಗೆ ನಲವತ್ತು ಐವತ್ತು ಸಲ ಮಡಚಿದರೂ ತೋಳು ನೋಯಲ್ಲ, ಅದೇ ಮುಖ್ಯ. ತೋಳು ನಡುಗುತ್ತಿದ್ದರೆ ಗುರಿ ಎಲ್ಲಿಂದ ಬರಬೇಕು? ಸ್ಪ್ರಿಂಗ್, ಪಿಸ್ಟನ್ ಸೀಲ್, ಬ್ಯಾರೆಲ್ ಬಾಯಿಯ ರಬ್ಬರ್ ವಾಶರ್ ಬಿಡಿಯಾಗಿ ಸಿಗುತ್ತವಾ ಅಂತಲೂ ಕೇಳಿ, ಒಂದು ಸೆಟ್ ಅವತ್ತೇ ತಗೊಂಡೆ.

ಸ್ಕೋಪ್, ಅಂದರೆ ರೈಫಲ್ ಮೇಲೆ ಕೂರಿಸುವ ದುರ್ಬೀನು, ತೋರಿಸಿದರು, ಬೇಡ ಅಂದೆ. ಸ್ಪ್ರಿಂಗ್ ರೈಫಲ್ಲಿನ ಎರಡೂ ಕಡೆ ಒದೆತಕ್ಕೆ ಅಗ್ಗದ ಸ್ಕೋಪ್ ಒಳಗೇ ಸಡಿಲ ಆಗುತ್ತದೆ. ಬಂದೂಕಿನ ಸ್ಕೋಪ್‌ಗಳು ಹೆಚ್ಚಾಗಿ ದೂರಕ್ಕೆ ಹೊಂದಿಸಿದಂಥವು, ಹತ್ತು ಮೀಟರಿಗೆ ಮಸುಕು. ಹತ್ತಿರಕ್ಕೆ ಫೋಕಸ್ ತಿರುಗಿಸುವಂಥದ್ದು, ಏರ್‌ಗನ್ ಒದೆತ ತಡೆಯುವಂಥದ್ದು ಬೇಕಾದರೆ ರೈಫಲ್ಲಿನ ಅರ್ಧ ಬೆಲೆ ಅದಕ್ಕೇ ಹೋಗುತ್ತದೆ.

ಆ ದುಡ್ಡು ಪೆಲೆಟ್‌ಗೆ ಹೋಯಿತು. ಕಾಗದಕ್ಕೆ ಚಪ್ಪಟೆ ಮೂತಿಯ ಪೆಲೆಟ್ಟೇ ಬೇಕು. ಅದು ಕಾಗದವನ್ನು ದುಂಡಗೆ ಕತ್ತರಿಸುತ್ತದೆ, ಅಂಕ ಎಣಿಸುವುದು ಸುಲಭ. ಚೂಪು ಮೂತಿಯದು ಹರಿದು ಹಾಕುತ್ತದೆ. ಅಗ್ಗದ ಒಂದು ಡಬ್ಬ, ಮಧ್ಯಮ ಬೆಲೆಯದು ಒಂದು, ಜರ್ಮನಿಯ ಆರ್‌ಡಬ್ಲ್ಯುಎಸ್ ಒಂದು ತಂದು, ಮರಳು ತುಂಬಿದ ಚೀಲದ ಮೇಲೆ ಕೈ ಇಟ್ಟು ಐದೈದು ಹೊಡೆದು ನೋಡಿದೆ. ಅಗ್ಗದ ಡಬ್ಬದಲ್ಲಿ ಹಿಂಭಾಗ ನೆಗ್ಗಿದವೇ ಎಷ್ಟೋ ಇದ್ದವು, ಒಂದು ಅತ್ತ ಒಂದು ಇತ್ತ. ಮಧ್ಯಮ ಬೆಲೆಯದೂ ಜರ್ಮನಿಯದೂ ಹೆಚ್ಚುಕಡಿಮೆ ಒಂದೇ, ಐದು ರೂಪಾಯಿ ನಾಣ್ಯ ಮುಚ್ಚುವಷ್ಟು ಜಾಗದಲ್ಲಿ ಬಿದ್ದವು. ಹಾಗಾಗಿ ಮಧ್ಯಮದ್ದೇ ಖಾಯಂ. ನಿಮ್ಮ ರೈಫಲ್‌ಗೆ ಬೇರೆಯೇ ಒಗ್ಗಬಹುದು, ಹೊಡೆದು ನೋಡದೆ ಹೇಳಲು ಆಗಲ್ಲ.

ಗುರಿ ಕಾಗದ ಜೆರಾಕ್ಸ್ ಅಂಗಡಿಯಲ್ಲೇ ಮಾಡಿಸಿದೆ. ಏರ್ ರೈಫಲ್ಲಿನ ಅಸಲಿ ಗುರಿಯಲ್ಲಿ ಕಪ್ಪು ಭಾಗದ ಅಗಲ 30.5 ಮಿಲಿಮೀಟರ್ ಮಾತ್ರ. ನಮ್ಮಂಥ ಸಾದಾ ಸೈಟಿಗೆ ಅದು ತೀರಾ ಚಿಕ್ಕದು. ನಾನು ಏರ್ ಪಿಸ್ತೂಲಿನ ಗುರಿ ಇಟ್ಟುಕೊಂಡಿದ್ದೇನೆ: ಕಪ್ಪು 59.5 ಮಿಲಿಮೀಟರ್, ಹತ್ತರ ವೃತ್ತ 11.5. ಕಪ್ಪು ಮುಂದಿನ ಸೈಟಿನ ತುದಿಯ ಮೇಲೆ ಕೂತ ಹಾಗೆ ಕಾಣಬೇಕು. ಕಣ್ಣು ನೋಡಬೇಕಾದದ್ದು ಸೈಟನ್ನು, ಗುರಿ ಸ್ವಲ್ಪ ಮಸುಕಾದರೆ ಪರವಾಗಿಲ್ಲ. ಜಾತ್ರೆಯಲ್ಲಿ ಬಲೂನ್ ಹೊಡೆದು ಕಲಿತವರಿಗೆಲ್ಲ ಇದು ತಲೆಕೆಳಗು ಅನ್ನಿಸುತ್ತದೆ.

ಹಿಡಿತವೂ ಹಾಗೇ. ಗಟ್ಟಿಯಾಗಿ ಅವುಚಿ ಹಿಡಿದರೆ ಸ್ಪ್ರಿಂಗ್ ರೈಫಲ್ ಮಾತು ಕೇಳಲ್ಲ. ಎಡ ಅಂಗೈ ಬಿಡಿಸಿ ಅದರ ಮೇಲೆ ರೈಫಲ್ ಸುಮ್ನೆ ಮಲಗಿಸಬೇಕು, ಬೆರಳು ಸುತ್ತಬಾರದು. ಭುಜಕ್ಕೆ ತಾಗಿದ್ದರೆ ಸಾಕು, ಒತ್ತುವುದು ಬೇಡ. ಅದು ಕುಣಿಯುವುದನ್ನು ತಡೆಯಲು ಹೋಗದೆ, ಪ್ರತಿ ಸಲ ಒಂದೇ ರೀತಿ ಕುಣಿಯಲು ಬಿಡಬೇಕು. ಹಾರಿದ ಮೇಲೂ ಒಂದು ಉಸಿರಿನಷ್ಟು ಹೊತ್ತು ಸೈಟಿನಿಂದ ಕಣ್ಣು ತೆಗೆಯಬಾರದು. ಈ ಅಭ್ಯಾಸ ಕೂತ ಮೇಲೆ ನನ್ನ ಪೆಲೆಟ್‌ಗಳು ಬೀಳುವ ಜಾಗ ಚಿಕ್ಕದಾದಷ್ಟು ಬೇರೆ ಯಾವುದರಿಂದಲೂ ಆಗಲಿಲ್ಲ.

ಪೆಲೆಟ್ ಹಿಡಿಯುವ ಪೆಟ್ಟಿಗೆ ರೈಫಲ್ ಬರುವ ಮುಂಚೆಯೇ ಸಿದ್ಧ ಇರಬೇಕು. ಬರೀ ಗೋಡೆಗೆ ಹೊಡೆದರೆ ಸೀಸದ ಚೂರು ವಾಪಸ್ ಬರುತ್ತದೆ. ಮರದ ಪೆಟ್ಟಿಗೆಗೆ ಹಿಂದುಗಡೆ ದಪ್ಪ ಪ್ಲೈವುಡ್ ಹೊಡೆಸಿ, ನಮ್ಮೂರಲ್ಲಿ ಹೇಗೂ ದಂಡಿಯಾಗಿ ಸಿಗುತ್ತದೆ ಅಂತ ತೆಂಗಿನ ಗುಂಜು ತುಂಬಿ ನೋಡಿದೆ. ಹೊಡೆದ ಜಾಗದಲ್ಲೇ ಗುಳಿ ಬಿದ್ದು ಕೆಳಗೆ ಇಳಿಯುತ್ತದೆ, ಪದೇ ಪದೇ ತುಂಬಬೇಕು. ಹಳೇ ಬಟ್ಟೆ ಒತ್ತೊತ್ತಿ ತುಂಬಿದ್ದು ನಿಂತಿತು. ಮನೆಯವಳು ಬಾಗಿಲಲ್ಲಿ ನಿಂತು "ರೀ, ಆ ಜಮಖಾನ ಹಳೇದಲ್ಲ, ಹೋದ ವರ್ಷ ತಂದಿದ್ದು!" ಅಂದಾಗ ಒಂದನ್ನು ವಾಪಸ್ ತೆಗೆಯಬೇಕಾಯಿತು. ಪೆಟ್ಟಿಗೆ ಹಿಂದೆ ಕೊಟ್ಟಿಗೆಯ ಮಣ್ಣಿನ ಗೋಡೆ, ಆ ಕಡೆ ಕಿಟಕಿ ಇಲ್ಲ, ಓಡಾಡುವ ದಾರಿಯೂ ಇಲ್ಲ. ಈ ಪುಟ್ಟ ಪೆಲೆಟ್ ಹಾದಿ ತಪ್ಪಿದರೆ ನೂರಾರು ಮೀಟರ್ ಹಾರುತ್ತದೆ, ಕಣ್ಣು ತೆಗೆಯುತ್ತದೆ. ಕಾಂಪೌಂಡಿನ ಮೇಲೆ ಆಕಾಶ ಕಾಣುವ ದಿಕ್ಕಿಗೆ ಯಾವತ್ತೂ ಗುರಿ ಕಟ್ಟಬೇಡಿ.

ಮೊದಲ ದಿನ ಶಬ್ದ ಕೇಳಿ ಪಕ್ಕದ ಮನೆಯ ಮೇಷ್ಟ್ರು ಬಂದರು. "ಏನಪ್ಪಾ ಇದು, ಪಟಾಕಿನಾ?" ಒಳಗೆ ಕರೆದು ಪೆಟ್ಟಿಗೆ, ಗೋಡೆ, ಬಿಲ್ ಎಲ್ಲ ತೋರಿಸಿದೆ. ಸಂಜೆ ಐದೂವರೆಯಿಂದ ಆರರ ತನಕ ಮಾತ್ರ ಅಂತ ಮಾತಾಯಿತು. ಆ ಹೊತ್ತಿಗೆ ಹಿತ್ತಲ ಬಾಗಿಲಿಗೆ ಚಿಲಕ ಹಾಕಿರುತ್ತೇನೆ, ಕಣ್ಣಿಗೆ ಕನ್ನಡಕ ಇರುತ್ತದೆ. ಪೆಲೆಟ್ ಹಾಕುವಾಗ ಮಡಚಿದ ಬ್ಯಾರೆಲ್ ಕೈಯಿಂದ ಬಿಡುವುದಿಲ್ಲ, ಅದು ಜಾರಿ ಮುಚ್ಚಿಕೊಂಡರೆ ಬೆರಳು ಉಳಿಯಲ್ಲ. ಮುಗಿದ ಮೇಲೆ ಸೀಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದೇ ಕಾಫಿ ಲೋಟ ಹಿಡಿಯುವುದು.

ಮೇಂಟೆನೆನ್ಸ್ ಅಂತ ದೊಡ್ಡದೇನಿಲ್ಲ. ಕಾಕ್ ಮಾಡಿ ಇಡಬಾರದು, ಸ್ಪ್ರಿಂಗ್ ಸೋಲುತ್ತದೆ. ಹೊರಗಿನ ಕಬ್ಬಿಣಕ್ಕೆ ಎಣ್ಣೆ ಬಟ್ಟೆಯಲ್ಲಿ ಒಂದು ಕೈ ಒರೆಸಿದರೆ ಸಾಕು, ಮಳೆಗಾಲದಲ್ಲಿ ಮಾತ್ರ ತಪ್ಪದೆ. ಒಳಗೆ ಗಾಳಿ ಒತ್ತುವ ಕೋಣೆಗೆ ಎಣ್ಣೆ ಬಿಡಬೇಡಿ. ಪಿಸ್ಟನ್ ಗಾಳಿ ಒತ್ತಿದಾಗ ಆಗುವ ಕಾವಿಗೆ ಆ ಎಣ್ಣೆ ಹೊತ್ತಿಕೊಂಡು ಢಂ ಅನ್ನುತ್ತದೆ, ಸೀಲ್ ಸುಡುತ್ತದೆ. ಹೊಸ ರೈಫಲ್ ಮೊದಮೊದಲು ಸ್ವಲ್ಪ ಹೊಗೆ ಬಿಟ್ಟರೆ ಹೆದರುವುದು ಬೇಡ, ಕಾರ್ಖಾನೆಯಲ್ಲಿ ಹಚ್ಚಿದ ಎಣ್ಣೆ ಅದು. ಮೊದಲ ಡಬ್ಬ ಅರ್ಧ ಖಾಲಿ ಆಗುವಷ್ಟರಲ್ಲಿ ನಿಲ್ಲುತ್ತದೆ, ಅಲ್ಲಿಯ ತನಕ ಸೈಟ್ ತಿರುಗಿಸಲು ಹೋಗಬೇಡಿ. ಬೀರುವಿನಲ್ಲಿ ರೈಫಲ್, ಬೇರೆ ಕಡೆ ಪೆಲೆಟ್, ಬೀರು ಬೀಗದ ಕೈ ನನ್ನ ಹತ್ತಿರ.