ಬೆಟ್ಟ ಹತ್ತದೆ ನಂದಿ ಸೀಮೆ ತೋರಿಸಿದ್ದು: ನನ್ನ ಅನುಭವ

ಬೆಂಗಳೂರಿನಿಂದ ನಾನು ನಡೆಸುವ ನಂದಿ ಸೀಮೆಯ ಒಂದು ದಿನದ ಟೂರಿನಲ್ಲಿ ಕೋಟೆ, ದೇವಸ್ಥಾನ, ಮ್ಯೂಸಿಯಂ, ವೈನರಿ (ವೈನ್ ತಯಾರಿಸುವ ಜಾಗ) ಇವೆ. ಅದರಿಂದ ನಂದಿ ಬೆಟ್ಟವನ್ನೇ ಕೈಬಿಡುತ್ತೇನೆ ಅಂದಾಗ ಈ ಕೆಲಸದಲ್ಲಿರುವ ಯಾರೂ ಒಪ್ಪಲಿಲ್ಲ. ಸೂರ್ಯೋದಯ ಇಲ್ಲದಿದ್ದರೆ ಸೀಟು ತುಂಬಲ್ಲ ಅಂದರು. ಈಗ ಹದಿನೈದು ಹದಿನಾರು ಟ್ರಿಪ್ ಆಗಿರಬೇಕು, ಎಂಟು ಜನಕ್ಕಿಂತ ಕಡಿಮೆ ಒಮ್ಮೆಯೂ ಇಳಿದಿಲ್ಲ.

ಬೆಟ್ಟ ಸೇರಿಸಿದರೆ ಏನಾಗುತ್ತೆ ಅಂದರೆ, ನಸುಕಿಗೆ 4ಕ್ಕೆ ಹೊರಟರೂ ಭಾನುವಾರ ಗೇಟಿನ ಕೆಳಗೆ ಗಾಡಿ ಸಾಲು. ಇಳಿದು ಬರುವಷ್ಟರಲ್ಲಿ 10 ದಾಟಿರುತ್ತೆ, ದೇವಸ್ಥಾನದ ಅಂಗಳದ ಕಲ್ಲು ಕಾದಿರುತ್ತೆ, ನಿದ್ದೆಗೆಟ್ಟವರು ಮ್ಯೂಸಿಯಂನಲ್ಲಿ ಆಕಳಿಸುತ್ತಾರೆ. ವೈನರಿಯನ್ನು ಬೆಳಗ್ಗೆ 11ಕ್ಕೆ ಇಟ್ಟು ನೋಡಿದ್ದು ಇನ್ನೂ ದೊಡ್ಡ ತಪ್ಪು. ವೈನ್ ರುಚಿ ನೋಡಿದ ಬಾಯಲ್ಲಿ ಗುಡಿಯೊಳಗೆ ಹೋಗಲು ಅರ್ಧ ಜನಕ್ಕೆ ಮನಸ್ಸಿಲ್ಲ, ಅದು ಸರಿಯೂ ಅಲ್ಲ. ಹಾಗೆ ಮಾಡಿದ ಎರಡು ಟ್ರಿಪ್‌ಗೆ ದುಡ್ಡು ವಾಪಸ್ ಕೊಟ್ಟು ಒಂಬತ್ತು ಸಾವಿರದಷ್ಟು ಕೈಬಿಟ್ಟಿತು.

ಈಗಿನ ಕ್ರಮ: 6.30ಕ್ಕೆ ಹೆಬ್ಬಾಳ, 7.15ರ ಸುಮಾರಿಗೆ ದೇವನಹಳ್ಳಿ ಕೋಟೆ. 1501ರ ಮಣ್ಣಿನ ಕೋಟೆ, ಹೈದರಾಲಿ ಕಾಲದಲ್ಲಿ ಕಲ್ಲಾಯಿತು, 1791ರಲ್ಲಿ ಬ್ರಿಟಿಷರ ಕಾರ್ನ್‌ವಾಲಿಸ್ ಹಿಡಿದ. ಕೊತ್ತಲಗಳ ಗುಂಡಿನ ಕಿಂಡಿ ತೋರಿಸಿ, ಹತ್ತಿರದ ಟಿಪ್ಪು ಹುಟ್ಟಿದ ಜಾಗದಲ್ಲಿ ಹತ್ತು ನಿಮಿಷ. ಒಟ್ಟು ಮುಕ್ಕಾಲು ಗಂಟೆ ಸಾಕು.

ಸಮಯ ಸುರಿಯಬೇಕಾದ್ದು ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದಲ್ಲಿ, ಒಂದೂವರೆ ಗಂಟೆ. ಬೆಟ್ಟ ಅಲ್ಲಿಂದಲೇ ಎದ್ದು ಕಾಣುತ್ತೆ. ಅರುಣಾಚಲೇಶ್ವರ, ಭೋಗನಂದೀಶ್ವರ ಗುಡಿಗಳ ನಡುವಿನ ಕಲ್ಯಾಣ ಮಂಟಪದ ಮುಂದೆ ಎಲ್ಲರೂ ಮೊಬೈಲ್ ಬೆಳಕನ್ನು ನೇರ ಹಿಡಿಯುತ್ತಾರೆ. ಕರಿಕಲ್ಲು ಹೊಳೆದು ಕೆತ್ತನೆ ಚಪ್ಪಟೆಯಾಗುತ್ತೆ. ಹಳದಿ ಬೆಳಕಿನ ಸಣ್ಣ ಟಾರ್ಚನ್ನು ಕಂಬಕ್ಕೆ ಒಂದು ಗೇಣು ದೂರದಲ್ಲಿ, ಪಕ್ಕದಿಂದ, ಹೆಚ್ಚುಕಮ್ಮಿ ಕಂಬಕ್ಕೆ ಸಮಾನಾಂತರ ಹಿಡಿಯಿರಿ: ಬಳ್ಳಿಯ ಒಂದೊಂದು ಸುರುಳಿಗೂ ನೆರಳು ಬಿದ್ದು ಕೆತ್ತಿದ ಗಿಳಿಗಳು ಕಲ್ಲಿನಿಂದ ಈಚೆಗೆ ಬರುತ್ತವೆ. ಟಾರ್ಚ್ 250 ರೂಪಾಯಿ, ಇಡೀ ಟೂರಿಗೆ ಹೆಸರು ತಂದಿದ್ದು ಅದೇ. ಟ್ರೈಪಾಡ್ ತರಬೇಡಿ ಅಂತ ಮೊದಲೇ ಹೇಳಿ, ಪುರಾತತ್ವ ಇಲಾಖೆಯ ಸ್ಮಾರಕ, ಅನುಮತಿ ಬೇಕು. ಕೊನೆಗೆ ಅಲ್ಲಿನ ಕಲ್ಯಾಣಿ ಶೃಂಗಿ ತೀರ್ಥದ ಮೆಟ್ಟಿಲ ಮೇಲೆ ಕೂರಿಸಿ. ಮಕ್ಕಳಿದ್ದರೆ, ಕಲ್ಲು ಕಾದಾಗ ಹಾಕಲು ನಾಲ್ಕು ಜೊತೆ ಹತ್ತಿ ಕಾಲುಚೀಲ ಇಟ್ಟುಕೊಂಡಿರಿ.

ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯ ಮ್ಯೂಸಿಯಂ ಚಿಕ್ಕದು. ಹನ್ನೆರಡು ಜನ ಒಟ್ಟಿಗೆ ನುಗ್ಗಿದರೆ ಬೆನ್ನು ಬಿಟ್ಟು ಬೇರೇನೂ ಕಾಣಲ್ಲ. ಆರು ಜನ ಮ್ಯೂಸಿಯಂ ಆಗಿರುವ ಅವರ ಮನೆಯೊಳಗೆ, ಆರು ಜನ ಸಮಾಧಿಯ ಹತ್ತಿರ, ಆಮೇಲೆ ಅದಲುಬದಲು. ಪುಣೆ ಹತ್ತಿರದ ಖಡಕ್ವಾಸ್ಲಾ ಅಣೆಕಟ್ಟೆಯಲ್ಲಿ 1903ರಲ್ಲಿ ಹಾಕಿದ ಅವರ ಸ್ವಯಂಚಾಲಿತ ಗೇಟನ್ನು ಗಾಡಿಯಲ್ಲೇ ವಿವರಿಸಿಬಿಡಿ: ನೀರು ಮಟ್ಟ ಮೀರಿದಾಗ ತಾನೇ ತೆರೆಯುತ್ತೆ, ಇಳಿದಾಗ ಮುಚ್ಚುತ್ತೆ. ಇಷ್ಟು ತಿಳಿದು ಹೋದವರು ಪ್ರಶಸ್ತಿಪತ್ರಗಳ ಮುಂದೆಯೂ ನಿಲ್ಲುತ್ತಾರೆ. ಹಿಂದಿನ ದಿನ ಫೋನ್ ಮಾಡಿ ತೆರೆದಿರುತ್ತಾ ಅಂತ ಕೇಳದೆ ಹೊರಡಬೇಡಿ.

ಊಟ 12.30ಕ್ಕೆ, ಒಂದು ಮನೆಯಲ್ಲಿ, ಮುದ್ದೆ ಬಸ್ಸಾರು. ಯಾರ ಮನೆ ಅನ್ನೋದನ್ನು ಮಾತ್ರ ಬರೆಯಲ್ಲ, ಅದು ಕೈಗೂಡಲು ಒಂದು ವರ್ಷ ಹಿಡಿದಿದೆ. ಹೊಟ್ಟೆ ತುಂಬಿರಬೇಕು, ಮುಂದೆ ವೈನ್ ಇದೆ.

ಇಲ್ಲೊಂದು ಪ್ರಯೋಗ ಮಾಡಿದೆ. ದ್ರಾಕ್ಷಿ ಕಾಲದಲ್ಲಿ ದಾರಿಬದಿಯಿಂದ ಎರಡು ಕೆಜಿ ಬೆಂಗಳೂರು ಬ್ಲೂ ದ್ರಾಕ್ಷಿ ಕೊಂಡು ಗಾಡಿಯಲ್ಲಿ ಹಂಚಿದೆ. ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಪಡೆದ ತಳಿ, ಹಿಚುಕಿದರೆ ದಪ್ಪ ಸಿಪ್ಪೆಯಿಂದ ತಿರುಳು ಜಾರಿ ಬರುತ್ತೆ, ಗಾಡಿಯೆಲ್ಲ ಘಮಘಮ. ಆಮೇಲೆ ವೈನರಿಯಲ್ಲಿ ಕ್ಯಾಬರ್ನೆ, ಶಿರಾಜ್ ಎಂಬ ಫ್ರೆಂಚ್ ದ್ರಾಕ್ಷಿಗಳ ವೈನ್ ಕುಡಿದಾಗ ಇದು ಬೇರೆ ಜಾತಿಯ ಹಣ್ಣು ಅಂತ ನಾಲಿಗೆಯೇ ಹೇಳುತ್ತೆ. 1988ರಲ್ಲಿ ಶುರುವಾದ ಗ್ರೋವರ್ ವೈನರಿ ಈ ಸೀಮೆಗೆ ಫ್ರೆಂಚ್ ತಳಿಗಳನ್ನು ತಂದದ್ದು ಎಷ್ಟು ದೊಡ್ಡ ಬದಲಾವಣೆ ಅನ್ನೋದು ಆಗ ಅರ್ಥವಾಗುತ್ತೆ. ನಂದಿ ಹಾಲ್ಟ್ ಸ್ಟೇಷನ್ನನ್ನೂ ಸೇರಿಸಿ ನೋಡಿದೆ, ಚೆಂದದ ಹಳೇ ಕಟ್ಟಡ, ಆದರೆ ಊಟ ತಡವಾಯಿತು, ಬಿಟ್ಟೆ.

ಲೆಕ್ಕ ಸುಮಾರಾಗಿ ಹೀಗೆ: ಹನ್ನೆರಡು ಸೀಟಿನ ಟಿಟಿ (ಟೆಂಪೋ ಟ್ರಾವೆಲರ್), ಡ್ರೈವರ್ ಬಾಟಾ, ಟೋಲ್ ಸೇರಿ 6,800. ತಲೆಗೆ ವೈನ್ ಟೇಸ್ಟಿಂಗ್, ಊಟ 1,250. ಟಿಕೆಟ್ 2,400. ಆರು ಸೀಟಿಗೆ ಅಸಲು, ಹನ್ನೆರಡೂ ತುಂಬಿದರೆ ಏಳು ಸಾವಿರ ಉಳಿಯುತ್ತೆ. ವೈನರಿ ಸ್ಲಾಟ್ 2.30ಕ್ಕೇ ಹಿಡಿಯಿರಿ, ಡ್ರೈ ಡೇ (ಮದ್ಯ ಮಾರದ ದಿನ) ನೋಡಿಕೊಂಡೇ ಮುಂಗಡ ಕಟ್ಟಿ. 21 ಆಗದವರಿಗೆ ಗ್ಲಾಸ್ ಇಲ್ಲ, ಅವರಿಗೆ ಟಿಕೆಟ್ ಕಡಿಮೆ. 4.15ಕ್ಕೆ ಗಾಡಿ ಎತ್ತಿ ದೊಡ್ಡಬಳ್ಳಾಪುರ, ರಾಜಾನುಕುಂಟೆ ಮೇಲೆ ಬಂದರೆ ಯಲಹಂಕದವರೆಗೆ ಏರ್‌ಪೋರ್ಟ್ ರಸ್ತೆಯ ಗೋಜಿಲ್ಲ, 6ರ ಹೊತ್ತಿಗೆ ಹೆಬ್ಬಾಳ.