ಬೆಂಚು, ಸ್ಟಾಪ್‌ವಾಚು, ಸುಣ್ಣದ ಪುಡಿ: ನಾನು ಬಿ.ಪಿ.ಎಡ್. ಓದಿದ ಬಗೆ

"ಮೇಡಂ, ಬಿ.ಪಿ.ಎಡ್.ನಲ್ಲಿ ಓದೋಕೆ ಏನಿರುತ್ತೆ? ಆಟ ಆಡಿಸೋದು ತಾನೇ?" ಅಂತ ಈಗಲೂ ಜನ ಕೇಳುತ್ತಾರೆ. ಬಿ.ಪಿ.ಎಡ್. ಅಂದರೆ ದೈಹಿಕ ಶಿಕ್ಷಣದ ಮೇಷ್ಟ್ರಾಗೋಕೆ ಓದುವ ಪದವಿ. ಕೇಳುವವರ ತಪ್ಪೇನಿಲ್ಲ. ಹೊರಗಿನಿಂದ ನೋಡಿದರೆ ಕಾಣುವುದು ಸೀಟಿ, ಟ್ರ್ಯಾಕ್ ಸೂಟು ಅಷ್ಟೇ. ಒಳಗೆ ಹೋದ ಮೇಲೆ ಗೊತ್ತಾಗುವುದು, ಇದು ಮೈಯನ್ನು ಅಳೆಯುವ ಓದು ಅಂತ. ಅಳೆಯೋಕೆ ಮೊದಲು ಸಿಗುವ ಮೈ ನಮ್ಮದೇ.

ನಾನು ಹಾಸನದ ಕಡೆಯವಳು. ಕನ್ನಡ ಮಾಧ್ಯಮದಲ್ಲಿ ಓದಿ, ಬಿ.ಎ. ಮುಗಿಸಿ, ಕಾಲೇಜು ತಂಡದಲ್ಲಿ ಕಬಡ್ಡಿ ಆಡಿಕೊಂಡಿದ್ದವಳು. ಬಿ.ಪಿ.ಎಡ್.ಗೆ ಇಂಥದ್ದೇ ಡಿಗ್ರಿ ಆಗಬೇಕು ಅಂತ ಇಲ್ಲ. ಯಾವುದಾದರೂ ಪದವಿಯಲ್ಲಿ ಶೇಕಡಾ 50 ಅಂಕ, ಜೊತೆಗೆ ಅಂತರ ಕಾಲೇಜು ಮಟ್ಟದಲ್ಲೋ ಜಿಲ್ಲಾ ಮಟ್ಟದಲ್ಲೋ ಆಡಿದ ಸರ್ಟಿಫಿಕೇಟು, ಇವೇ ಮುಖ್ಯ. ಮೊದಲು ಒಂದು ವರ್ಷದ ಕೋರ್ಸ್ ಆಗಿತ್ತು. ಶಿಕ್ಷಕರ ತರಬೇತಿ ನೋಡಿಕೊಳ್ಳುವ ರಾಷ್ಟ್ರೀಯ ಮಂಡಳಿ ಎನ್.ಸಿ.ಟಿ.ಇ.ಯ 2014ರ ನಿಯಮ ಬಂದ ಮೇಲೆ ಎರಡು ವರ್ಷ ಆಯಿತು. ನಮ್ಮ ಕ್ಲಾಸಿನಲ್ಲಿ ಬಿ.ಕಾಂ. ಮಾಡಿದವರಿದ್ದರು, ಬಿ.ಎ. ಮಾಡಿದವರು ಇನ್ನೂ ಜಾಸ್ತಿ. ಎಸ್ಸೆಸ್ಸೆಲ್ಸಿ ಆದ ಮೇಲೆ ಜೀವಶಾಸ್ತ್ರದ ಪುಸ್ತಕ ಮುಟ್ಟಿದವರು ಬೆರಳೆಣಿಕೆಯಷ್ಟು ಮಂದಿ.

ಬೆಳಗ್ಗೆ ಮಬ್ಬುಗತ್ತಲಲ್ಲೇ ಗ್ರೌಂಡು. ಓಟ, ಆಮೇಲೆ ಒಂದೊಂದು ಟರ್ಮಿಗೆ ಒಂದೊಂದು ಆಟ, ಲೇಜಿಮ್, ಮಾರ್ಚ್ ಪಾಸ್ಟ್, ಯೋಗ. ಅದಾದ ಮೇಲೆ ಥಿಯರಿ: ಅನಾಟಮಿ (ದೇಹದ ರಚನೆ) ಮತ್ತು ಫಿಸಿಯಾಲಜಿ (ದೇಹ ಕೆಲಸ ಮಾಡುವ ಬಗೆ), ಆರೋಗ್ಯ ಶಿಕ್ಷಣ, ಕೈನೀಸಿಯಾಲಜಿ (ದೇಹದ ಚಲನೆಯ ಪಾಠ), ಕ್ರೀಡಾ ಮನಶ್ಶಾಸ್ತ್ರ, ಕ್ರೀಡಾ ವೈದ್ಯಕೀಯ, ಮಾಪನ, ಸಂಖ್ಯಾಶಾಸ್ತ್ರ. ಬೆಳಗ್ಗೆ ಅಷ್ಟು ಓಡಿ, ತಿಂಡಿ ತಿಂದು ಬಂದು ಕೂತರೆ ಎಂಥಾ ಮೇಷ್ಟ್ರ ಪಾಠಕ್ಕೂ ನಿದ್ದೆ ಎಳೆಯುತ್ತದೆ. ಅದಕ್ಕೆ ನನಗೆ ಮದ್ದು ಸಿಗಲೇ ಇಲ್ಲ. ಕೊನೆಯವರೆಗೂ ಮುಂದಿನ ಬೆಂಚಿನಲ್ಲಿ ಕೂತು ಕಣ್ಣುಜ್ಜಿಕೊಂಡೇ ಕಾಲ ಹಾಕಿದೆ.

ಅನಾಟಮಿಯಲ್ಲಿ ಎಲ್ಲರೂ ತಡವರಿಸುವುದು ಸ್ನಾಯುಗಳ ಹೆಸರಿನಲ್ಲಿ. ಬಾಯಿಪಾಠ ಮಾಡಿದರೆ ಪರೀಕ್ಷೆ ಹಾಲ್‌ಗೆ ಹೋಗುವಷ್ಟರಲ್ಲಿ ಅರ್ಧ ಉದುರಿ ಹೋಗಿರುತ್ತದೆ. ನಾನು ಹಾಸ್ಟೆಲ್ ರೂಮಿನಲ್ಲಿ ಸ್ಕೆಚ್ ಪೆನ್ ತಗೊಂಡು ಕಾಲಿನ ಮೇಲೇ ಗೆರೆ ಎಳೆದುಕೊಂಡು ಕಲಿತೆ. ತೊಡೆಯ ಮುಂಭಾಗದಲ್ಲಿ ಕ್ವಾಡ್ರಿಸೆಪ್ಸ್, ಅದರಲ್ಲಿ ನಾಲ್ಕು ಭಾಗ. ನಾಲ್ಕರಲ್ಲಿ ರೆಕ್ಟಸ್ ಫೆಮೊರಿಸ್ ಒಂದೇ ಸೊಂಟದ ಕೀಲನ್ನೂ ದಾಟಿ ಹೋಗುವುದು. ಹಾಗಾಗಿ ಕಾಲು ನೇರ ಮಾಡಿ ಮೇಲೆ ಎತ್ತಿದಾಗ ತೊಡೆಯ ನಡುವೆ ಉಬ್ಬಿ ಕಾಣುತ್ತದೆ. ಕೈಯಿಟ್ಟು ನೋಡಿದರೆ ಗಟ್ಟಿಯಾಗಿದ್ದು ಗೊತ್ತಾಗುತ್ತದೆ. ಸೊಂಟದ ಹೊರಗಡೆಯಿಂದ ಶುರುವಾಗಿ ತೊಡೆಯನ್ನು ಅಡ್ಡ ದಾಟಿ ಮೊಣಕಾಲಿನ ಒಳಗಡೆಗೆ ಬರುವ ಉದ್ದನೆಯ ಸ್ನಾಯು ಸಾರ್ಟೋರಿಯಸ್. ಊಟಕ್ಕೆ ಚಕ್ಕಳಮಕ್ಕಳ ಹಾಕಿ ಕೂರುವಾಗ ಅದು ಮಾಡುವ ಕೆಲಸ ಎಲ್ಲವೂ ಒಟ್ಟಿಗೇ ನಡೆಯುತ್ತದೆ. ಸೊಂಟ ಮಡಚುತ್ತದೆ, ತೊಡೆ ಹೊರಕ್ಕೆ ತಿರುಗುತ್ತದೆ, ಮೊಣಕಾಲು ಮಡಚುತ್ತದೆ. ಇದನ್ನು ಒಂದು ಸಲ ಮೈಯಲ್ಲಿ ಗುರುತಿಸಿದರೆ ಮತ್ತೆ ಮರೆಯೋದು ಕಷ್ಟ.

ಫಿಸಿಯಾಲಜಿಗೆ ಕಬಡ್ಡಿಯೇ ನನ್ನ ಗೈಡ್. ಒಂದು ರೈಡ್ ಅಂದರೆ 30 ಸೆಕೆಂಡು. ಪುಸ್ತಕದಲ್ಲಿ ಹೇಳುವ ಪ್ರಕಾರ, ಸ್ನಾಯುವಿನಲ್ಲಿ ಸಿದ್ಧವಾಗಿರುವ ಶಕ್ತಿಯ ದಾಸ್ತಾನು, ಅಂದರೆ ಎ.ಟಿ.ಪಿ. ಮತ್ತು ಕ್ರಿಯಾಟಿನ್ ಫಾಸ್ಫೇಟ್, ಪೂರ್ತಿ ಜೋರಿನ ಕೆಲಸಕ್ಕೆ ಹತ್ತು ಸೆಕೆಂಡಿನ ಆಸುಪಾಸು ಸಾಕಾಗುತ್ತದೆ. ಆಮೇಲೆ ಆಮ್ಲಜನಕಕ್ಕೆ ಕಾಯದೆ ಗ್ಲೂಕೋಸ್ ಒಡೆಯುವ ದಾರಿಯೇ ಜಾಸ್ತಿ ಕೆಲಸ ಮಾಡಬೇಕು. ರೈಡ್ ಮುಗಿಸಿ ಬಂದು ಲಾಬಿ ಹತ್ತಿರ ನಿಂತು ಏದುಸಿರು ಬಿಡುತ್ತೇವಲ್ಲ, ಆಗ ಬರೀ ಗಾಳಿ ಎಳೆಯುತ್ತಿರುವುದಿಲ್ಲ. ಖರ್ಚಾದ ಕ್ರಿಯಾಟಿನ್ ಫಾಸ್ಫೇಟನ್ನು ಮತ್ತೆ ತುಂಬಿಸಿಕೊಳ್ಳುತ್ತಿರುತ್ತೇವೆ. ಮುಂದಿನ ರೈಡಿಗೆ ಯಾರನ್ನು ಕಳಿಸಬೇಕು ಅನ್ನುವ ಕ್ಯಾಪ್ಟನ್ ಲೆಕ್ಕಾಚಾರದ ಹಿಂದೆ ಈ ಕೆಮಿಸ್ಟ್ರಿ ಇದೆ ಅಂತ ತಿಳಿದ ದಿನದಿಂದ ಆ ಪಾಠ ನನಗೆ ಭಾರ ಅನ್ನಿಸಲಿಲ್ಲ.

ಇನ್ನು ಸ್ಟೆಪ್ ಟೆಸ್ಟ್, ಅಂದರೆ ಮೆಟ್ಟಿಲು ಹತ್ತಿ ಇಳಿದು ನಾಡಿ ಎಣಿಸುವ ಪರೀಕ್ಷೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಡೀ ಕೋರ್ಸಿನಲ್ಲಿ ನಾನು ಕಲಿತದ್ದರ ಸತ್ವ ಅದರಲ್ಲಿದೆ.

ದೇಹ ಒಂದು ನಿಮಿಷಕ್ಕೆ, ಪ್ರತಿ ಕಿಲೋ ತೂಕಕ್ಕೆ, ಹೆಚ್ಚೆಂದರೆ ಎಷ್ಟು ಮಿಲಿ ಲೀಟರ್ ಆಮ್ಲಜನಕ ಬಳಸಬಲ್ಲದು? ಇದಕ್ಕೆ ವಿ.ಓ. ಟು ಮ್ಯಾಕ್ಸ್ ಅನ್ನುತ್ತಾರೆ. ಸರಿಯಾಗಿ ಅಳೆಯಬೇಕಾದರೆ ಟ್ರೆಡ್‌ಮಿಲ್ ಬೇಕು, ಮುಖಕ್ಕೆ ಮಾಸ್ಕ್ ಬೇಕು, ಲಕ್ಷಗಟ್ಟಲೆ ಬೆಲೆಯ ಯಂತ್ರ ಬೇಕು. ಅಂದಾಜು ಸಾಕು ಅಂದರೆ ಒಂದು ಬೆಂಚು, ಒಂದು ವಾಚು ಇದ್ದರೆ ಆಯಿತು. ನ್ಯೂಯಾರ್ಕಿನ ಕ್ವೀನ್ಸ್ ಕಾಲೇಜಿನಲ್ಲಿ 1970ರ ದಶಕದ ಶುರುವಿನಲ್ಲಿ ರೂಪಿಸಿದ ಪರೀಕ್ಷೆಯಲ್ಲಿ ಮೆಟ್ಟಿಲಿನ ಎತ್ತರ 16.25 ಇಂಚು. ಈ ಕಾಲು ಇಂಚಿನ ಲೆಕ್ಕ ಯಾಕೆ ಬಂತು ಅಂದರೆ, ಅಲ್ಲಿನ ಜಿಮ್ನೇಷಿಯಂನಲ್ಲಿ ಪ್ರೇಕ್ಷಕರು ಕೂರುವ ಗ್ಯಾಲರಿ ಮೆಟ್ಟಿಲು ಅಷ್ಟೇ ಎತ್ತರ ಇತ್ತು! ಇದ್ದದ್ದನ್ನೇ ಬಳಸಿಕೊಂಡರು. ನನಗೆ ಈ ಪರೀಕ್ಷೆ ಇಷ್ಟ ಆಗೋಕೆ ಅದೂ ಒಂದು ಕಾರಣ. ನಾವು ಬಡಗಿಯ ಹತ್ತಿರ ಹೇಳಿ ಆ ಅಳತೆಗೆ ಒಂದು ಪೆಟ್ಟಿಗೆ ಮಾಡಿಸಿಕೊಂಡಿದ್ದೆವು.

ಹೆಣ್ಣುಮಕ್ಕಳು ನಿಮಿಷಕ್ಕೆ 22 ಸಲ ಹತ್ತಿ ಇಳಿಯಬೇಕು, ಗಂಡುಮಕ್ಕಳು 24 ಸಲ. ಹತ್ತಲು ಎರಡು ಹೆಜ್ಜೆ, ಇಳಿಯಲು ಎರಡು. ಅಂದರೆ ತಾಳ ಬಡಿಯುವ ಮೆಟ್ರೊನೋಮನ್ನು ಹೆಣ್ಣುಮಕ್ಕಳಿಗೆ ನಿಮಿಷಕ್ಕೆ 88ಕ್ಕೆ, ಗಂಡುಮಕ್ಕಳಿಗೆ 96ಕ್ಕೆ ಇಡಬೇಕು. ಮೊಬೈಲಿನಲ್ಲಿ ಮೆಟ್ರೊನೋಮ್ ಆಪ್ ಪುಕ್ಕಟೆ ಸಿಗುತ್ತದೆ. ಮೂರು ನಿಮಿಷ ಆದ ಕೂಡಲೇ ನಿಲ್ಲಬೇಕು, ಕೂರುವ ಹಾಗಿಲ್ಲ. ನಿಂತ ಐದನೇ ಸೆಕೆಂಡಿನಿಂದ ಇಪ್ಪತ್ತನೇ ಸೆಕೆಂಡಿನವರೆಗೆ, ಹದಿನೈದು ಸೆಕೆಂಡು ನಾಡಿ ಎಣಿಸಿ, ನಾಲ್ಕರಿಂದ ಗುಣಿಸಬೇಕು. ನನ್ನ ಎಣಿಕೆ 38 ಬಂತು ಅಂತಿಟ್ಟುಕೊಳ್ಳಿ, ನಿಮಿಷಕ್ಕೆ 152 ಆಯಿತು. ಹೆಂಗಸರ ಸೂತ್ರ: 65.81ರಿಂದ, ನಾಡಿಯನ್ನು 0.1847ರಿಂದ ಗುಣಿಸಿ ಬಂದದ್ದನ್ನು ಕಳೆಯಿರಿ. 37.7 ಬರುತ್ತದೆ, ಅದೇ ನನ್ನ ವಿ.ಓ. ಟು ಮ್ಯಾಕ್ಸ್‌ನ ಅಂದಾಜು. ಗಂಡಸರಿಗೆ ಸೂತ್ರ ಬೇರೆ: 111.33ರಿಂದ, ನಾಡಿಯ 0.42 ಪಟ್ಟು ಕಳೆಯಬೇಕು.

ಕೇಳೋಕೆ ಸುಲಭ. ಕಷ್ಟ ಇರುವುದು ನಾಡಿ ಎಣಿಸುವುದರಲ್ಲಿ. ಹೆಬ್ಬೆರಳಿನಿಂದ ಹಿಡಿದರೆ ಹೆಬ್ಬೆರಳಿನದೇ ಬಡಿತ ಸೇರಿಕೊಳ್ಳುತ್ತದೆ. ತೋರುಬೆರಳು, ನಡುಬೆರಳು ಎರಡನ್ನೇ ಇಡಬೇಕು. ಕತ್ತಿನಲ್ಲಿ ಹಿಡಿದರೆ ಬೇಗ ಸಿಗುತ್ತದೆ ನಿಜ, ಆದರೆ ಒತ್ತಿ ಹಿಡಿದರೆ ಅಲ್ಲಿರುವ ಒತ್ತಡ ಗ್ರಹಿಸುವ ನರಗಳು ಎಚ್ಚೆತ್ತು ಹೃದಯದ ಬಡಿತವನ್ನೇ ಇಳಿಸಿಬಿಡುತ್ತವೆ. ಅಳೆಯೋಕೆ ಹೋದ ಕೈಯೇ ಅಳತೆಯನ್ನು ಬದಲಾಯಿಸುತ್ತದೆ! ಹಾಗಾಗಿ ನಾನು ಮಣಿಕಟ್ಟಿನಲ್ಲೇ ಹಿಡಿಯುವುದನ್ನು ರೂಢಿ ಮಾಡಿಕೊಂಡೆ. ಬಸ್ಸಿನಲ್ಲಿ, ಮೆಸ್ಸಿನ ಕ್ಯೂನಲ್ಲಿ, ಗೆಳತಿಯರ ಕೈ ಹಿಡಿದು ಸುಮ್ನೆ ಎಣಿಸುತ್ತಿದ್ದೆ. ನೋಡಿದವರು ಏನಂದುಕೊಂಡರೋ. ಹದಿನೈದು ಸೆಕೆಂಡಿನಲ್ಲಿ ಒಂದು ಬಡಿತ ತಪ್ಪಿದರೆ ಲೆಕ್ಕದಲ್ಲಿ ನಾಲ್ಕು ತಪ್ಪುತ್ತದೆ. ಹುಡುಗರ ಸೂತ್ರದಲ್ಲಂತೂ ಅಷ್ಟಕ್ಕೇ ಉತ್ತರ ಒಂದೂವರೆಗಿಂತ ಜಾಸ್ತಿ ಆಚೀಚೆ ಆಗುತ್ತದೆ.

ಇದಕ್ಕಿಂತ ಹಳೆಯದು ಹಾರ್ವರ್ಡ್ ಸ್ಟೆಪ್ ಟೆಸ್ಟ್, ಎರಡನೇ ಮಹಾಯುದ್ಧದ ಕಾಲದ್ದು. 20 ಇಂಚಿನ ಬೆಂಚು, ನಿಮಿಷಕ್ಕೆ 30 ಸಲ, ಐದು ನಿಮಿಷ. ಕುಳ್ಳಗಿರುವ ಹುಡುಗಿಯರಿಗೆ ಅದು ಫಿಟ್‌ನೆಸ್ ಪರೀಕ್ಷೆಯಾಗಿ ಉಳಿಯುವುದಿಲ್ಲ, ಮೊಣಕಾಲಿನ ಪರೀಕ್ಷೆ ಆಗಿಬಿಡುತ್ತದೆ. ಸಿಲಬಸ್ಸಿನಲ್ಲಿದೆ ಅಂತ ಮಾಡಿದೆವು, ಅಷ್ಟೇ.

ಹಾಗೆ ನೋಡಿದರೆ ನಮ್ಮ ಮಾಪನದ ಪುಸ್ತಕದಲ್ಲಿದ್ದ ಪರೀಕ್ಷೆಗಳಲ್ಲಿ ಮುಕ್ಕಾಲು ಪಾಲು ಅಮೆರಿಕದವು. ಅದಕ್ಕೊಂದು ಕಥೆ ಇದೆ. 1950ರ ದಶಕದಲ್ಲಿ ಕ್ರಾಸ್-ವೆಬರ್ ಅನ್ನುವ ಸರಳ ಪರೀಕ್ಷೆಯಲ್ಲಿ ಅಮೆರಿಕದ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ನಪಾಸಾದರು. ಯುರೋಪಿನ ಮಕ್ಕಳಲ್ಲಿ ನಪಾಸಾದವರು ಹತ್ತರಲ್ಲಿ ಒಬ್ಬರಷ್ಟೂ ಇರಲಿಲ್ಲ. ಅಧ್ಯಕ್ಷ ಐಸೆನ್‌ಹೋವರ್‌ವರೆಗೂ ಸುದ್ದಿ ಹೋಯಿತು. 1956ರಲ್ಲಿ ಮಕ್ಕಳ ಫಿಟ್‌ನೆಸ್‌ಗೆ ಅಂತಲೇ ಒಂದು ಕೌನ್ಸಿಲ್ ಆಯಿತು. ಅದರ ಬಿಸಿಯಲ್ಲೇ ಎ.ಎ.ಎಚ್.ಪಿ.ಇ.ಆರ್. ಅನ್ನುವ ಅಲ್ಲಿನ ದೈಹಿಕ ಶಿಕ್ಷಣ ಸಂಘದ ಪರೀಕ್ಷೆಯೂ ಬಂತು. ಅದರಲ್ಲಿ ಸಾಫ್ಟ್‌ಬಾಲ್ ಎಸೆತವೂ ಇತ್ತು. ನಮ್ಮ ಹಳ್ಳಿ ಮಕ್ಕಳು ಸಾಫ್ಟ್‌ಬಾಲ್ ಎಲ್ಲಿ ನೋಡಬೇಕು?

ಟ್ರ್ಯಾಕ್ ಮಾರ್ಕಿಂಗ್ ಬಗ್ಗೆ ಹೇಳದಿದ್ದರೆ ಬಿ.ಪಿ.ಎಡ್. ಮಾಡಿದವರು ಒಪ್ಪುವುದಿಲ್ಲ. ಲೆಕ್ಕ ಅಂದರೆ ಓಡಿಹೋಗುತ್ತಿದ್ದ ನನಗೆ ಪೈ ಮೇಲೆ ಪ್ರೀತಿ ಹುಟ್ಟಿದ್ದು ಅಲ್ಲಿ. ಸ್ಕೂಲ್ ಗ್ರೌಂಡಿನಲ್ಲಿ 200 ಮೀಟರ್ ಟ್ರ್ಯಾಕ್ ಹಾಕಬೇಕು. ನೇರ ಭಾಗ 40 ಮೀಟರಿನಂತೆ ಎರಡು, 80 ಆಯಿತು. ಉಳಿದ 120 ಮೀಟರ್ ಎರಡು ತಿರುವಿಗೆ. 120ನ್ನು 2 ಪೈಯಿಂದ ಭಾಗಿಸಿದರೆ 19.10 ಮೀಟರ್. ಇದು ಓಟದ ತ್ರಿಜ್ಯ. ಓಡುವವರು ಒಳಗೆರೆಯಿಂದ 30 ಸೆಂಟಿಮೀಟರ್ ಆಚೆ ಓಡುತ್ತಾರೆ ಅಂತ ಲೆಕ್ಕ. ಹಾಗಾಗಿ ಗೂಟಕ್ಕೆ ಕಟ್ಟಿ ಗೆರೆ ಎಳೆಯಬೇಕಾದದ್ದು 18.80 ಮೀಟರಿಗೆ. ನೈಲಾನ್ ಹಗ್ಗ ಬೇಡ, ಎಳೆದಷ್ಟೂ ಹಿಗ್ಗುತ್ತದೆ. ತಂತಿ ಅಥವಾ ಸ್ಟೀಲ್ ಟೇಪ್ ಇರಲಿ. ಮೂಲೆ ನೆಟ್ಟಗಿದೆಯೋ ಇಲ್ಲವೋ ನೋಡೋಕೆ 3, 4, 5 ಮೀಟರಿನ ತ್ರಿಕೋನ ಸಾಕು. ಆಮೇಲೆ 1.22 ಮೀಟರಿಗೊಂದರಂತೆ ಲೇನ್‌ಗಳು.

ಇದರಲ್ಲಿ ನನಗೆ ಈಗಲೂ ಖುಷಿ ಕೊಡುವ ವಿಷಯ ಒಂದಿದೆ. ಹೊರಗಿನ ಲೇನಿನ ಸುತ್ತು ಉದ್ದ. ಹಾಗಾದರೆ ಪೂರ್ತಿ ಒಂದು ಸುತ್ತಿನ ಓಟಕ್ಕೆ ಎರಡನೇ ಲೇನಿನವರನ್ನು ಎಷ್ಟು ಮುಂದೆ ನಿಲ್ಲಿಸಬೇಕು? 7.04 ಮೀಟರ್. ಅಲ್ಲಿಂದಾಚೆ ಪ್ರತಿ ಲೇನಿಗೆ ಇನ್ನೂ 7.67 ಮೀಟರ್. ಟ್ರ್ಯಾಕ್ 200 ಮೀಟರಿನದಿರಲಿ, 400 ಮೀಟರಿನದಿರಲಿ, ಈ ಅಂಕಿ ಬದಲಾಗುವುದಿಲ್ಲ. ಯಾಕೆಂದರೆ ವ್ಯತ್ಯಾಸ ಬರುವುದು ಲೇನಿನ ಅಗಲದಿಂದ, ಟ್ರ್ಯಾಕಿನ ದೊಡ್ಡತನದಿಂದಲ್ಲ. ಎಷ್ಟೋ ಹೋಬಳಿ ಮಟ್ಟದ ಕ್ರೀಡಾಕೂಟಗಳಲ್ಲಿ ಕಣ್ಣಂದಾಜಿನಲ್ಲೇ ಮಕ್ಕಳನ್ನು ನಿಲ್ಲಿಸುತ್ತಾರೆ. ಹೊರಗಿನ ಲೇನಿನ ಮಗು ಸೋತರೆ ಅದಕ್ಕೆ ತಾನು ಸೋತಿದ್ದು ಯಾಕೆ ಅಂತಲೇ ಗೊತ್ತಾಗುವುದಿಲ್ಲ.

ಗ್ರೌಂಡಿನಲ್ಲಿ ಕೇಳಿ ಬಂದ ಒಂದಿಷ್ಟು ನಂಬಿಕೆಗಳೂ ಅಲ್ಲಿ ಕಳಚಿದವು. ವ್ಯಾಯಾಮ ಮಾಡಿದ ಮಾರನೇ ದಿನ ಮೈಕೈ ನೋವು ಬಂದರೆ "ಲ್ಯಾಕ್ಟಿಕ್ ಆಸಿಡ್ ಕೂತಿದೆ" ಅನ್ನುವವರು ಇವತ್ತಿಗೂ ಇದ್ದಾರೆ. ಓಟ ನಿಲ್ಲಿಸಿದ ಒಂದು ಗಂಟೆಯೊಳಗೆ ರಕ್ತದಲ್ಲಿ ಅದು ಹೆಚ್ಚುಕಮ್ಮಿ ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ. ನೋವು ಜೋರಾಗುವುದು ಒಂದರಿಂದ ಮೂರು ದಿನದ ಮೇಲೆ. ಸ್ನಾಯು ಹಿಗ್ಗುತ್ತಲೇ ಭಾರ ತಡೆದಾಗ ಅದರ ಎಳೆಗಳಿಗೆ ಆಗುವ ಸಣ್ಣ ಸಣ್ಣ ಪೆಟ್ಟಿನಿಂದ ಬರುವ ನೋವು ಅದು. ಶ್ರವಣಬೆಳಗೊಳದ ವಿಂಧ್ಯಗಿರಿ ಹತ್ತಿ ಇಳಿದವರನ್ನು ಕೇಳಿ. ಉಸಿರು ಕಟ್ಟುವುದು ಹತ್ತುವಾಗ. ಆದರೆ ಎರಡನೇ ದಿನ ತೊಡೆ ಹಿಡಿದುಕೊಂಡು ಕೂರುವ ಹಾಗೆ ಮಾಡುವುದು ಇಳಿದದ್ದು.

ಊಟದ ಪಾಠವೂ ಹಾಗೇ. ಪ್ರೋಟೀನ್ ಡಬ್ಬಿ ಕೊಳ್ಳುವಷ್ಟು ದುಡ್ಡು ನಮ್ಮಲ್ಲಿ ಯಾರಿಗೂ ಇರಲಿಲ್ಲ. ಹುರುಳಿಕಾಳಿನಲ್ಲಿ 100 ಗ್ರಾಮಿಗೆ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ಒಂದು ಮೊಟ್ಟೆಯಲ್ಲಿ ಸುಮಾರು 6. ಮುದ್ದೆ, ಹುರುಳಿ ಬಸ್ಸಾರು ತಿನ್ನುವ ಊರಿನವಳಿಗೆ ಇದಕ್ಕಿಂತ ಒಳ್ಳೆ ಸುದ್ದಿ ಬೇಕಾ?

ಈಗ ಒಂದು ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ವಿಭಾಗ ನೋಡಿಕೊಳ್ಳುತ್ತಿದ್ದೇನೆ. ಜೂನ್-ಜುಲೈನಲ್ಲಿ ಹೊಸ ಹುಡುಗಿಯರು ಬಂದಾಗ ಮೊದಲ ಕೆಲಸ ಅದೇ ಪೆಟ್ಟಿಗೆ, ಅದೇ 88ರ ಟಿಕ್ ಟಿಕ್. ಒಂದು ನಿಮಿಷಕ್ಕೇ ಮುಖ ಬಿಳಿಚಿಕೊಂಡು ನಿಲ್ಲುವವರು, ನಿಂತ ಮೇಲೂ ನಾಡಿ ಇಳಿಯದವರು ಪ್ರತಿ ವರ್ಷ ಇರುತ್ತಾರೆ. ಅವರಿಗೆ ಸೋಮಾರಿ ಅಂತ ಬೈಯುವುದಿಲ್ಲ, ಹಿಮೋಗ್ಲೋಬಿನ್ ಪರೀಕ್ಷೆಗೆ ಕಳಿಸುತ್ತೇನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇದೆ. ಗರ್ಭಿಣಿಯಲ್ಲದ ಹೆಣ್ಣುಮಕ್ಕಳಿಗೆ 100 ಮಿಲಿ ಲೀಟರ್ ರಕ್ತಕ್ಕೆ 12 ಗ್ರಾಂ ಹಿಮೋಗ್ಲೋಬಿನ್ ಕನಿಷ್ಠ ಗೆರೆ. ಎಂಟು, ಒಂಬತ್ತು ಇಟ್ಟುಕೊಂಡು ಕೋರ್ಟಿಗೆ ಇಳಿಯುವ ಹುಡುಗಿಯರನ್ನು ನೋಡಿದ್ದೇನೆ. ರಕ್ತದಲ್ಲಿ ಆಮ್ಲಜನಕ ಹೊರುವುದೇ ಹಿಮೋಗ್ಲೋಬಿನ್. ಅದು ಕಮ್ಮಿಯಾದರೆ ಹೃದಯ ಜಾಸ್ತಿ ಸಲ ಬಡಿದು ಸರಿದೂಗಿಸುತ್ತದೆ. ಬೆರಳಿಗೆ ಸಿಗುವುದು ಆ ಬಡಿತ. ಡಾಕ್ಟರು ಕೊಟ್ಟ ಕಬ್ಬಿಣದ ಮಾತ್ರೆ ಸರಿಯಾಗಿ ತಗೊಂಡು ಕೆಲವು ತಿಂಗಳ ಮೇಲೆ ಮತ್ತೆ ಪೆಟ್ಟಿಗೆ ಹತ್ತಿದಾಗ ಎಣಿಕೆ ಇಳಿದಿರುವುದನ್ನು ಅವರೇ ನೋಡುತ್ತಾರೆ.

ಸೇರಬೇಕು ಅಂತಿರುವವರಿಗೆ ಎರಡು ಮಾತು. ಪಿ.ಯು.ಸಿ.ಯಲ್ಲಿ ಬಯಾಲಜಿ ಓದಿದ್ದು, ಗಾಯ ವಾಸಿ ಮಾಡುವ ಕಡೆ ಮನಸ್ಸಿದ್ದರೆ ಫಿಸಿಯೋಥೆರಪಿ ಡಿಗ್ರಿ ನೋಡಿ, ಬಿ.ಪಿ.ಎಡ್. ಅದರ ಬದಲಿ ಅಲ್ಲ. ಕಾಲೇಜಿನಲ್ಲಿ ಪಾಠ ಮಾಡಬೇಕು ಅಂದರೆ ಎಂ.ಪಿ.ಎಡ್. ಅನ್ನುವ ಸ್ನಾತಕೋತ್ತರ ಪದವಿಯ ಜೊತೆಗೆ ಸಾಮಾನ್ಯವಾಗಿ ನೆಟ್ ಅಥವಾ ಕೆ-ಸೆಟ್ ಅನ್ನುವ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಅಲ್ಲಿ ಗ್ರೌಂಡು ಕೆಲಸಕ್ಕೆ ಬರುವುದಿಲ್ಲ, ಪುಸ್ತಕವೇ. ಕನ್ನಡ ಮಾಧ್ಯಮದವರು ಸೇರುವ ಮೊದಲಿನ ರಜೆಯಲ್ಲಿ ಪ್ರೌಢಶಾಲೆಯ ವಿಜ್ಞಾನ ಪುಸ್ತಕ ತೆಗೆದು, ಉಸಿರಾಟ, ರಕ್ತ ಪರಿಚಲನೆ ಇರುವ ಪಾಠಗಳನ್ನು ಓದಿಕೊಳ್ಳಿ. ಇಂಗ್ಲಿಷ್ ಪುಸ್ತಕ ಹೇಳುವುದೂ ಅದನ್ನೇ, ಸ್ವಲ್ಪ ಉದ್ದಕ್ಕೆ. ಮತ್ತೆ ಒಂದು ಒಳ್ಳೆ ಸ್ಟಾಪ್‌ವಾಚ್ ಕೊಳ್ಳಿ. ಮೊಬೈಲ್ ಇದೆಯಲ್ಲ ಅನ್ನಬೇಡಿ. ಬೆವರಿದ ಕೈಯಲ್ಲಿ ಟಚ್ ಸ್ಕ್ರೀನ್ ಕೈಕೊಡುವುದು ಸರಿಯಾಗಿ ಮೂರನೇ ನಿಮಿಷಕ್ಕೇ.